ಟರ್ಬೊ ಬಿಚ್ಚೋ ಮುಂಚೆ ಬ್ರೀದರ್ ನೋಡಿ

ಟರ್ಬೊ (ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಫ್ಯಾನ್) ಇರುವ ಗಾಡಿ ಆಯಿಲ್ ಕುಡೀತಿದೆ ಅಂತ ಯಾರಾದ್ರೂ ಬಂದರೆ ನಮ್ಮ ಲೈನಿನಲ್ಲಿ ಮೊದಲು ಬರುವ ಮಾತು ‘ಟರ್ಬೊ ಸೀಲ್ ಹೋಗಿದೆ’. ಶಿವಮೊಗ್ಗದಲ್ಲಿ ಇಷ್ಟು ವರ್ಷ ಗಾಡಿ ಕೆಲಸ ಮಾಡಿದ ಮೇಲೆ ನನ್ನ ಹುಡುಗರಿಗೆ ಹೇಳೋದು ಒಂದೇ. ಆ ಮಾತು ಆಡುವ ಮುಂಚೆ ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ) ನೋಡಿ, ಆಯಿಲ್ ಅಳೆಯಿರಿ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಗೌಡ್ರೊಬ್ಬರು 2 ಲೀಟರಿನ ಟರ್ಬೊ ಪೆಟ್ರೋಲ್ ಕಾರು ತಂದಿದ್ದರು. ಐಡಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಸೈಲೆನ್ಸರಿನಿಂದ ನೀಲಿ ಹೊಗೆ. ಬೇರೆ ಕಡೆ ಆಗಲೇ ಹೊಸ ಟರ್ಬೊ ಹಾಕಿಸಿ ಆಗಿತ್ತು. ಹೊಗೆ ಮಾತ್ರ ಹಾಗೇ ಇತ್ತು. ‘ಹೊಸದೂ ಹೋಯ್ತಾ ಮಾರಾಯ?’ ಅಂದರು. ಹಳೇ ಟರ್ಬೊ ಡಿಕ್ಕಿಯಲ್ಲೇ ಇತ್ತು. ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿದೆ. ಸಡಿಲ ಇರಲಿಲ್ಲ, ಬ್ಲೇಡ್ ಎಲ್ಲೂ ಉಜ್ಜಿರಲಿಲ್ಲ. ಚೆನ್ನಾಗಿದ್ದ ಟರ್ಬೊ ಬಿಚ್ಚಿ ಅಷ್ಟು ದುಡ್ಡು ಸುಮ್ನೆ ಹೋಗಿತ್ತು. ಅದು ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಟರ್ಬೊ ಒಳಗೆ ರಬ್ಬರ್ ಸೀಲ್ ಇರೋದಿಲ್ಲ. ಪಿಸ್ಟನ್ ರಿಂಗ್ ಥರದ ಸಣ್ಣ ಲೋಹದ ರಿಂಗ್ ಇರುತ್ತದೆ. ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಜಾಸ್ತಿ ತಿರುಗಬಹುದು. ಸಾಮಾನ್ಯವಾಗಿ ಅದು ನಿಂತಿರೋದು ತೆಳು ಆಯಿಲ್ ಪದರದ ಮೇಲೆ. ಆಯಿಲ್ ಒಳಗೆ ಬರೋದು ಪಂಪಿನ ಒತ್ತಡದಲ್ಲಿ. ಆದರೆ ವಾಪಸ್ ಚೇಂಬರಿಗೆ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ) ಹೋಗೋದು ತನ್ನ ಭಾರಕ್ಕೆ ತಾನೇ ಇಳಿದು. ಬ್ರೀದರ್ ಕಟ್ಟಿಕೊಂಡರೆ ಚೇಂಬರಿನಲ್ಲಿ ಗಾಳಿ ಒತ್ತಡ ಏರುತ್ತದೆ. ಆಗ ಆಯಿಲ್ ಇಳಿಯಲು ದಾರಿ ಇಲ್ಲದೆ ಆ ರಿಂಗ್ ದಾಟಿ ಸೈಲೆನ್ಸರ್ ಕಡೆಗೋ ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಕಡೆಗೋ ನುಗ್ಗುತ್ತದೆ. ಎಷ್ಟು ಹೊಸ ಟರ್ಬೊ ಹಾಕಿದರೂ ಹೀಗೇ ಆಗೋದು.

ಇಂಜಿನ್ ಐಡಲ್‌ನಲ್ಲಿಟ್ಟು ಆಯಿಲ್ ಮುಚ್ಚಳ ಸಡಿಲ ಮಾಡಿದೆ. ಮುಚ್ಚಳ ಕುಣಿಯತೊಡಗಿತು, ಒಳಗಿನ ಗಾಳಿ ಬುಸ್ ಬುಸ್ ಅಂತ ಮುಖಕ್ಕೆ ಹೊಡೆಯಿತು. ಮುಚ್ಚಳದ ಕೆಳಗೆ ಬಿಳಿ ಹಳದಿ ಲೋಳೆ. ಇಂಟರ್‌ಕೂಲರಿನ ಕೆಳಗಿನ ಹೋಸ್ ಬಿಚ್ಚಿದರೆ ಆಯಿಲ್ ಧಾರೆಯಾಗಿ ಸುರಿಯಿತು. ಅಲ್ಲಿ ತೆಳುವಾಗಿ ಆಯಿಲ್ ಅಂಟಿರೋದು ಮಾಮೂಲು, ಅದಕ್ಕೆ ಗಾಬರಿ ಬೇಡ. ಸುರಿಯೋದು ಮಾಮೂಲಲ್ಲ.

ಬ್ರೀದರ್ ಪೂರ್ತಿ ಅದೇ ಲೋಳೆಯಿಂದ ಕಟ್ಟಿತ್ತು. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಅಂತ ಗಾಡಿ ಓಡಿದರೆ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗಿನ ನೀರಿನ ಪಸೆ ಆವಿಯಾಗದೆ ಆಯಿಲ್ ಜೊತೆ ಬೆರೆಯುತ್ತದೆ. ಬ್ರೀದರ್ ಬದಲಿಸಿದೆವು, ಟರ್ಬೊದ ವಾಪಸ್ ಪೈಪ್ ತೊಳೆದೆವು. ಹೊಗೆ ತಕ್ಷಣ ನಿಲ್ಲಲಿಲ್ಲ, ಸೈಲೆನ್ಸರಿನಲ್ಲಿ ಕೂತಿದ್ದ ಆಯಿಲ್ ಉರಿದು ಮುಗಿಯಬೇಕಲ್ವಾ. ಆಮೇಲೆ ನಿಂತಿತು. ಬ್ರೀದರ್ ಸರಿಯಿದ್ದೂ ಮುಚ್ಚಳ ಕುಣಿದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ ಪಡಬೇಕು, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಬೇಕು. ಮುಚ್ಚಳ ಕೀಳಲಾಗದಷ್ಟು ಬಿಗಿಯಾಗಿ ಎಳೆದುಕೊಂಡು, ಸಿಳ್ಳೆಯಂಥ ಸದ್ದು ಬಂದರೆ ಬ್ರೀದರಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಹರಿದಿರುತ್ತದೆ. ಆಗಲೂ ಗಾಡಿ ಆಯಿಲ್ ಕುಡಿಯುತ್ತದೆ.

ಇನ್ನು ಅಳೆಯುವ ವಿಷಯ. ಕೆಲವು ಜರ್ಮನ್ ಕಾರುಗಳ ಕೈಪಿಡಿಯಲ್ಲಿ 1,000 ಕಿಲೋಮೀಟರಿಗೆ 0.5 ಲೀಟರ್ ತನಕ ಆಯಿಲ್ ಖರ್ಚಾಗಬಹುದು ಅಂತಲೇ ಬರೆದಿದೆ. ಲೆಕ್ಕ ಹಾಕಿ: 10,000 ಕಿಲೋಮೀಟರಿಗೆ 5 ಲೀಟರ್. ಇಂಥ ಇಂಜಿನ್ನಿನಲ್ಲಿ ಹಿಡಿಯೋದೇ ಹತ್ತಿರ ಹತ್ತಿರ ಅಷ್ಟು. ಕಂಪನಿ ಏನೇ ಬರೆದಿರಲಿ, ನನ್ನ ಪ್ರಕಾರ ಅದು ತೀರಾ ಜಾಸ್ತಿ. ಮುಂದಿನ ಸರ್ವಿಸ್ ತನಕ ಬಾನೆಟ್ ಎತ್ತದವರ ಇಂಜಿನ್ ಉಳಿಯೋದಿಲ್ಲ.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಕೂಡ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಊರೊಳಗೆ ಸಣ್ಣ ಸಣ್ಣ ಓಡಾಟದಲ್ಲಿ ಉರಿಯದ ಪೆಟ್ರೋಲ್ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ. ಮಟ್ಟ ಇಳಿಯೋದೇ ಇಲ್ಲ, ಕೆಲವು ಸಲ ಏರುತ್ತದೆ. ಆಮೇಲೆ ಒಂದು ದಿನ ಆಗುಂಬೆ ಘಾಟಿ ಮೇಲೆ ಉಡುಪಿಗೆ ಹೋಗಿ ಬಂದರೆ ಕಾದ ಆಯಿಲ್‌ನಿಂದ ಪೆಟ್ರೋಲ್ ಆವಿಯಾಗಿ ಮಟ್ಟ ದಿಢೀರ್ ಇಳಿಯುತ್ತದೆ. ‘ಒಂದೇ ಟ್ರಿಪ್‌ಗೆ ಇಷ್ಟು ಕುಡೀತು’ ಅಂತ ಜನ ಓಡಿಬರುತ್ತಾರೆ. ಹೋದದ್ದರಲ್ಲಿ ಪೆಟ್ರೋಲೂ ಇರುತ್ತದೆ. ಘಾಟಿಯದ್ದೇ ಇನ್ನೊಂದು ಆಟ ಇದೆ. ಸಣ್ಣ ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜಿನ್ ಒಳಗೆ ಎಳೆತ ಜಾಸ್ತಿ. ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಒಳಕ್ಕೆ ಎಳೆದುಕೊಳ್ಳುತ್ತದೆ, ಘಾಟಿ ಬುಡದ ಸೋಮೇಶ್ವರದಲ್ಲಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಂದು ಮೋಡ ಹೊಗೆ. ಹಾಗಂತ ಘಾಟಿಯಲ್ಲಿ ನ್ಯೂಟ್ರಲ್ ಮಾಡಬೇಡಿ, ಸಣ್ಣ ಗೇರೇ ಸರಿ.

ಅದಕ್ಕೇ ಗೌಡ್ರಿಗೆ ಹೇಳಿದೆ: ‘ಹೊಸ ಆಯಿಲ್ ಹಾಕಿದ್ದೀವಿ. ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ. ಸಮ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಕಾದಿರಬೇಕು, ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಬೇಕು. ನಿಮ್ಮ ಅಂಗಳ ಇಳಿಜಾರು, ಅಲ್ಲಿ ನೋಡಬೇಡಿ.’ ಕಡಿಮೆಯಾದರೆ ಸ್ವಲ್ಪ ಸ್ವಲ್ಪವೇ ಹಾಕಿ, ಮೇಲಿನ ಗೆರೆ ದಾಟಿಸಬೇಡಿ. ದಾಟಿದರೆ ಇಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನ ಕಡೆದು ನೊರೆ ಮಾಡಿ ಮತ್ತೆ ಬ್ರೀದರ್ ಕಡೆಗೇ ಕಳಿಸುತ್ತದೆ. ಕೈಪಿಡಿಯಲ್ಲಿ ಹೇಳಿದ ಗ್ರೇಡಿನದ್ದೇ ಒಂದು ಲೀಟರ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಹಳ್ಳಿ ಕಡೆ ಅಂಗಡಿಯಲ್ಲಿ ಥಟ್ಟಂತ ಸಿಗೋದು ಬೇರೆ ಗ್ರೇಡಿನ ಆಯಿಲ್, ಅದು ಈ ಇಂಜಿನ್ನಿಗೆ ಆಗೋದಿಲ್ಲ.