ಟ್ರೈಲರ್ ಕಟ್ಟಿಕೊಂಡು ಅಮೆರಿಕ ದಾಟುವವರು ಕರೆಂಟಿಗಿಂತ ಎತ್ತರವನ್ನು ನಂಬಲಿ

ಕಾರಿನ ಹಿಂದೆ ಟ್ರೈಲರ್ ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ಬೇಸಿಗೆಯಲ್ಲಿ ಅಮೆರಿಕವನ್ನು ದಾಟಬೇಕೆಂದಿರುವ ಗೆಳೆಯರೆಲ್ಲ ನಮ್ಮನ್ನು ಮೊದಲು ಕೇಳುವುದು ಹೋಟೆಲಿನ ಖರ್ಚು ಉಳಿಯಿತೇ ಎಂದು. ಉಳಿಯಲಿಲ್ಲ. ಟ್ರೈಲರಿನ ವಿಮೆ, ಅರ್ಧಕ್ಕಿಳಿದ ಕಾರಿನ ಮೈಲೇಜು, ಟ್ರೈಲರ್ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡುಗಳ ಬಾಡಿಗೆ ಇವನ್ನೆಲ್ಲ ಕೂಡಿದರೆ, ಸಾಧಾರಣ ಮೋಟೆಲುಗಳಲ್ಲಿ ತಂಗುತ್ತಾ ಹೋಗಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು. ಖರ್ಚು ಉಳಿಯದಿದ್ದರೂ ದಿನವೂ ಅನ್ನ, ಸಾರು, ಮೊಸರು ಸಿಕ್ಕಿದವು. ನಮ್ಮದೇ ಹಾಸಿಗೆ, ನಮ್ಮದೇ ಬಚ್ಚಲು ಜೊತೆಗಿದ್ದವು. ಅಷ್ಟರ ಮಟ್ಟಿಗೆ ಮತ್ತೆ ಹೊರಡುವ ಮನಸ್ಸಿದೆ. ಆದರೆ ಮುಂದಿನ ಸಲ ಕರೆಂಟು ಸಿಗುವ ಜಾಗಕ್ಕೆ ದುಡ್ಡು ಸುರಿಯುವುದಿಲ್ಲ, ಎತ್ತರದ ಜಾಗವನ್ನು ಹುಡುಕುತ್ತೇವೆ. ಅದೇಕೆಂದು ವಿವರವಾಗಿ ಹೇಳಬೇಕಾಗಿದೆ.

ನ್ಯೂಜೆರ್ಸಿಯಿಂದ ಹೊರಟ ನಾವು ಐ-90 ಹೆದ್ದಾರಿ ಹಿಡಿದು ಸೌತ್ ಡಕೋಟಾ, ವಯೋಮಿಂಗ್ ಮೂಲಕ ಒರೆಗಾನಿನ ಕಡಲತೀರ ಮುಟ್ಟಿ, ಐ-80ರಲ್ಲಿ ಹಿಂತಿರುಗಿದೆವು. ಚಕ್ರ ಹಿಡಿದವಳು ಹೆಚ್ಚಾಗಿ ನಾನೇ. ಟ್ರೈಲರನ್ನು ಹಿಂದಕ್ಕೆ ಸರಿಸುವಾಗ ಹೊರಗೆ ನಿಂತು ದಾರಿ ತೋರಿಸುವ ಕೆಲಸ ನಮ್ಮ ಮನೆಯವರದು. ಗಂಡ ಹೆಂಡಿರ ನಡುವೆ ನಿಜವಾದ ಮನಸ್ತಾಪ ಹುಟ್ಟುವುದು ಈ ಘಳಿಗೆಯಲ್ಲಿಯೇ. ಇದಕ್ಕೆ ನಾವು ಕಂಡುಕೊಂಡ ಉಪಾಯಗಳು ಎರಡು. ಕೈಸನ್ನೆ ಬಿಟ್ಟು ಫೋನಿನಲ್ಲಿಯೇ ಮಾತನಾಡುವುದು ಒಂದು. ಸ್ಟಿಯರಿಂಗನ್ನು ಕೆಳತುದಿಯಲ್ಲಿ ಹಿಡಿದು, ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈಯನ್ನು ಸರಿಸುವುದು ಇನ್ನೊಂದು. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬರುವ 'ಪುಲ್ ಥ್ರೂ' ಜಾಗ ಸಿಕ್ಕರೆ ಐದಾರು ಡಾಲರು ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ.

ಟ್ರೈಲರ್ ಕೊಳ್ಳುವ ಮೊದಲು ತೂಕದ ಲೆಕ್ಕವನ್ನು ನೀವೇ ಮಾಡಿ. ಮಾರುವವರು ಹೇಳುವುದು ನಿಮ್ಮ ಕಾರು ಎಷ್ಟು ಪೌಂಡು ಎಳೆಯಬಲ್ಲದು ಎಂಬುದನ್ನು ಮಾತ್ರ. ಕಾರು ಎಷ್ಟು ಹೊರಬಲ್ಲದು ಎಂಬುದು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಸಣ್ಣ ಚೀಟಿಯಲ್ಲಿರುತ್ತದೆ, ಅದನ್ನು ಯಾರೂ ತೋರಿಸುವುದಿಲ್ಲ. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕಾರಿಗೂ ಟ್ರೈಲರಿಗೂ ಕೊಂಡಿಯಾದ ಹಿಚ್ ಮೇಲೆ ಕೂರಬೇಕು, ಇಲ್ಲವಾದರೆ ವೇಗದಲ್ಲಿ ಟ್ರೈಲರ್ ಬಾಲ ಅಲ್ಲಾಡಿಸತೊಡಗುತ್ತದೆ. 5,000 ಪೌಂಡಿನ ಟ್ರೈಲರಿಗೆ ಇದು 500ರಿಂದ 750 ಪೌಂಡು. ಕಾರಿನೊಳಗಿನ ಜನ, ಸಾಮಾನು ಮತ್ತು ಈ ಭಾರ ಮೂರೂ ಸೇರಿ ಚೀಟಿಯಲ್ಲಿರುವ ಅಂಕಿಯೊಳಗೆ ಇರಬೇಕು. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡು ತೂಗುವುದರಿಂದ 40 ಗ್ಯಾಲನ್ ತೊಟ್ಟಿ ತುಂಬಿಸಿಕೊಂಡು ಹೊರಟರೆ 330 ಪೌಂಡು ಅದರದೇ ಆಯಿತು. ನೀರನ್ನು ತಂಗುವ ಊರಿನ ಹತ್ತಿರ ತುಂಬಿಸಿಕೊಳ್ಳುವುದು ಲೇಸು. ಲಾರಿಗಳು ನಿಲ್ಲುವ ಟ್ರಕ್ ಸ್ಟಾಪುಗಳಲ್ಲಿ ತೂಕದ ಕಟ್ಟೆಗಳಿರುತ್ತವೆ. ಸಾಮಾನು ತುಂಬಿದ ಮೇಲೆ ಒಮ್ಮೆ ಅಲ್ಲಿ ತೂಗಿಸಿದರೆ ಅನುಮಾನ ಉಳಿಯುವುದಿಲ್ಲ.

ಈಗ ನಾವು ಕರೆಂಟಿಗೆಂದು ದುಡ್ಡು ಸುರಿದ ಕ್ಯಾಂಪ್‌ಗ್ರೌಂಡಿನ ವಿಷಯ. ಸೌತ್ ಡಕೋಟಾದ ಸ್ಟರ್ಜಿಸ್ ಎಂಬ ಪುಟ್ಟ ಊರಿನಲ್ಲಿ 1938ರಿಂದಲೂ ಆಗಸ್ಟ್ ಆರಂಭದಲ್ಲಿ ಮೋಟಾರ್‌ಸೈಕಲ್ ಸವಾರರ ಜಾತ್ರೆ ಸೇರುತ್ತದೆ. ಲಕ್ಷಾಂತರ ಜನ ಬರುವ ಆ ದಿನಗಳಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಸುತ್ತಲಿನ ಪ್ರತಿಯೊಂದು ಜಾಗದ ಬೆಲೆಯೂ ಬೇರೆಯೇ ಆಗಿರುತ್ತದೆ. ನಮಗೆ ಸಿಕ್ಕ ಖಾಸಗಿ ಕ್ಯಾಂಪ್‌ಗ್ರೌಂಡಿನವರು ರಾತ್ರಿಗೆ ನೂರು ಡಾಲರಿಗೂ ಮಿಗಿಲಾದ ಬಾಡಿಗೆ, ಅದರ ಮೇಲೆ ಜಾತ್ರೆಯ ಹೆಸರಿನಲ್ಲಿ ಇನ್ನೊಂದು ಶುಲ್ಕ, ಮೂರು ರಾತ್ರಿಗಿಂತ ಕಡಿಮೆ ಕೊಡುವುದಿಲ್ಲವೆಂಬ ಕಟ್ಟಳೆ ಇವಿಷ್ಟನ್ನೂ ವಿಧಿಸಿ, ನೀರು, ಒಳಚರಂಡಿ, 30 ಆಂಪಿಯರ್ ವಿದ್ಯುತ್ ಮೂರೂ ಇರುವ 'ಫುಲ್ ಹುಕ್‌ಅಪ್' ಎಂದು ಬರೆದುಕೊಟ್ಟಿದ್ದರು. ಬೆಳಿಗ್ಗೆ ಎಲ್ಲವೂ ಸರಿಯಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ, ಹೊರಗೆ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿದ್ದಾಗ, ಎ.ಸಿ. ನಿಂತುಹೋಯಿತು. ನಾವು ವಿದ್ಯುತ್ ಕಂಬಕ್ಕೂ ಟ್ರೈಲರಿಗೂ ನಡುವೆ ವೋಲ್ಟೇಜ್ ರಕ್ಷಕ ಪೆಟ್ಟಿಗೆಯೊಂದನ್ನು ಸಿಕ್ಕಿಸಿದ್ದೆವು. ಅದು 102 ಎಂದು ತೋರಿಸಿ ಸಂಪರ್ಕ ಕಡಿದಿತ್ತು. ಅಮೆರಿಕದಲ್ಲಿ ಇರಬೇಕಾದದ್ದು 120 ವೋಲ್ಟ್. 104ಕ್ಕಿಂತ ಕೆಳಗಿಳಿದರೆ ಎ.ಸಿ.ಯ ಕಂಪ್ರೆಸರ್ ಸುಟ್ಟುಹೋಗಬಹುದೆಂದು ಈ ಪೆಟ್ಟಿಗೆಗಳು ತಾವಾಗಿಯೇ ವಿದ್ಯುತ್ತನ್ನು ನಿಲ್ಲಿಸುತ್ತವೆ. ಹಳೆಯ ತಂತಿಗಳ ಮೇಲೆ ನೂರಾರು ಎ.ಸಿ.ಗಳು ಒಟ್ಟಿಗೆ ಓಡಿದರೆ ಆಗುವುದೇ ಇದು.

ಕಚೇರಿಗೆ ಹೋಗಿ ಹೇಳಿದರೆ, ದೋಷ ನಿಮ್ಮ ಪೆಟ್ಟಿಗೆಯದು, ಅದನ್ನು ಕಿತ್ತು ನೇರವಾಗಿ ಸಿಕ್ಕಿಸಿ ಎಂಬ ಉತ್ತರ ಬಂತು. ಪಕ್ಕದ ಜಾಗದ ವೃದ್ಧರೊಬ್ಬರು ತಮ್ಮ ಮೀಟರ್ ತಂದು ಅಳೆದಾಗಲೂ ಅದೇ ಅಂಕಿ ಬಂದಿತು. ಹಣ ಹಿಂತಿರುಗಲಿಲ್ಲ. ಸಾಲದೆಂಬಂತೆ ಒಳಚರಂಡಿಯ ಬಾಯಿ ನಮ್ಮ ಟ್ರೈಲರಿನ ಕೊಳವೆಗಿಂತ ಎತ್ತರದಲ್ಲಿತ್ತು. ನೀರು ಮೇಲಕ್ಕೆ ಹರಿಯಬೇಕೆಂದು ಅವರ ನಿರೀಕ್ಷೆಯಿರಬೇಕು. ರಾತ್ರಿ ಎರಡರವರೆಗೆ ಮೋಟಾರ್‌ಸೈಕಲ್‌ಗಳ ಗುಡುಗು ಇತ್ತೆಂದು ದೂರುವುದಿಲ್ಲ, ಜಾತ್ರೆಗೆ ಹೋದವರು ತಮಟೆಯ ಮೇಲೆ ಸಿಟ್ಟಾಗಬಾರದು. ಆದರೆ ನೀವು ಎಲ್ಲಿಯೇ ತಂಗಿದರೂ ಕಾರಿನಿಂದ ಟ್ರೈಲರ್ ಬಿಚ್ಚುವ ಮೊದಲೇ ಕಂಬದ ವೋಲ್ಟೇಜನ್ನು ನೋಡಿ. ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿದರೆ ನಿಜವಾದ ಅಂಕಿ ಕಾಣಿಸುತ್ತದೆ. 110ಕ್ಕಿಂತ ಕಡಿಮೆಯಿದ್ದರೆ ಬೇರೆ ಜಾಗ ಕೇಳಿ.

ಬ್ಲ್ಯಾಕ್ ಹಿಲ್ಸ್‌ನ ನೀಡಲ್ಸ್ ಹೆದ್ದಾರಿ ನಿಜಕ್ಕೂ ಸೊಗಸಾಗಿದೆ, ಆದರೆ ಟ್ರೈಲರನ್ನು ಬಿಚ್ಚಿಟ್ಟು ಹೋಗಬೇಕು. ಅಲ್ಲಿ ಬಂಡೆ ಕೊರೆದು ಮಾಡಿದ ಸುರಂಗವೊಂದರ ಅಗಲ 8 ಅಡಿ ಮಾತ್ರ, ಹೆಚ್ಚಿನ ಟ್ರೈಲರುಗಳ ಮೈಯಗಲವೂ ಸುಮಾರು ಅಷ್ಟೇ.

ಅಲ್ಲಿಂದ ಪಶ್ಚಿಮಕ್ಕೆ ಒಂದು ದಿನದ ದಾರಿಯಲ್ಲಿ ಬಿಗ್‌ಹಾರ್ನ್ ಪರ್ವತಗಳಿವೆ. ಈ ಪ್ರವಾಸದ ಅತ್ಯುತ್ತಮ ರಾತ್ರಿಗಳು ಅಲ್ಲಿನವು. ವಯೋಮಿಂಗಿನ ಬಫಲೋ ಊರಿನಿಂದ ಟೆನ್ ಸ್ಲೀಪ್ ಕಡೆಗೆ ಹೋಗುವ ಯು.ಎಸ್. 16 ರಸ್ತೆ 9,666 ಅಡಿಯ ಪೌಡರ್ ರಿವರ್ ಪಾಸ್ ಎಂಬ ಘಟ್ಟದ ದಾರಿಯನ್ನು ಏರಿ ಇಳಿಯುತ್ತದೆ. ಈ ಪರ್ವತಗಳನ್ನು ದಾಟುವ ರಸ್ತೆಗಳಲ್ಲಿ ಟ್ರೈಲರಿನವರಿಗೆ ಒಗ್ಗುವುದು ಇದೇ. ಉತ್ತರದ 14ಎ ರಸ್ತೆಯ ಇಳಿಜಾರು ನೂರಕ್ಕೆ 10ರಷ್ಟಿದ್ದು ಬ್ರೇಕುಗಳನ್ನು ಸುಡುವಂಥದು, ಆ ಕಡೆ ಹೋಗಲೇಬೇಡಿ. ಸಾವಿರ ಅಡಿ ಏರಿದಂತೆ ತಾಪ ಸುಮಾರು 3.5 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಹಾಗಾಗಿ ಕೆಳಗಿನ ಊರುಗಳಲ್ಲಿ ಜನ ಎ.ಸಿ.ಗಾಗಿ ನೂರು ಡಾಲರು ತೆರುತ್ತಿದ್ದ ವಾರದಲ್ಲಿಯೇ ನಾವು ಎಂಟು ಸಾವಿರ ಅಡಿ ಎತ್ತರದ ರಾಷ್ಟ್ರೀಯ ಅರಣ್ಯದಲ್ಲಿ, ಪೈನ್ ಮರಗಳ ನಡುವೆ, ಬಿಡಿಗಾಸು ಕೊಡದೆ ಕಂಬಳಿ ಹೊದ್ದು ಮಲಗಿದೆವು. ಅರಣ್ಯ ಇಲಾಖೆಯ ಇಂಥ ಜಾಗಗಳಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಮುಂಗಡ ಕಾದಿರಿಸುವ ಗೋಜೂ ಇಲ್ಲ. 14 ದಿನಗಳವರೆಗೆ ಇರಬಹುದು. ಛಾವಣಿಯ ಸೌರ ಫಲಕ ದೀಪಕ್ಕೂ ಫೋನಿಗೂ ಸಾಕಾಗುತ್ತಿತ್ತು, ಫ್ರಿಜ್ಜು ಅನಿಲದಲ್ಲಿ ಓಡುತ್ತಿತ್ತು. ಮಣ್ಣಿನ ರಸ್ತೆಯೊಳಗೆ ಟ್ರೈಲರನ್ನು ನುಗ್ಗಿಸುವ ಮೊದಲು ಒಬ್ಬರು ನಡೆದು ಹೋಗಿ, ತಿರುಗಿಸಿಕೊಳ್ಳಲು ಜಾಗವಿದೆಯೇ ಎಂದು ನೋಡಿಬಂದರೆ ಸಾಕು.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಗ್ಗೆ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿ ಓದಿಕೊಳ್ಳಿ, ಏಕೆಂದರೆ ಜನಜಂಗುಳಿ ನನಗೆ ಆಗದು. ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರ ಬುಗ್ಗೆಯ ಸುತ್ತ ಮದುವೆ ಪಂತಿಗೆ ಕಾದವರಂತೆ ಸಾಲುಗಟ್ಟಿ ಕುಳಿತ ಜನರನ್ನು ಕಂಡು ನಾನು ಕಾರಿನಿಂದಿಳಿಯಲು ಮನಸ್ಸು ಮಾಡಲಿಲ್ಲ. ನಮ್ಮ ಮನೆಯವರು ಹೋಗಿ ನೋಡಿ, ಚೆನ್ನಾಗಿದೆ ಎಂದರು. ಟ್ರೈಲರನ್ನು ಎಳೆದುಕೊಂಡು ಬುಗ್ಗೆಗಳ ಬಳಿ ಹೋಗುವ ಯೋಚನೆಯನ್ನೇ ಬಿಡಿ, ಹೊತ್ತೇರಿದ ಮೇಲೆ ಬರಿಯ ಕಾರಿಗೂ ಜಾಗ ಸಿಗುವುದು ಕಷ್ಟ. ಉದ್ಯಾನದೊಳಗೆ ಹುಕ್‌ಅಪ್ ಇರುವುದು ಫಿಶಿಂಗ್ ಬ್ರಿಜ್ ಎಂಬ ಕ್ಯಾಂಪ್‌ಗ್ರೌಂಡ್ ಒಂದರಲ್ಲಿಯೇ, ಅದಕ್ಕೆ ಬೇಡಿಕೆ ವಿಪರೀತ. ಆದರೆ ಏಳು ಸಾವಿರದ ಏಳುನೂರು ಅಡಿಗೂ ಮೇಲಿರುವ ಯೆಲ್ಲೋಸ್ಟೋನ್ ಸರೋವರದ ದಡದಲ್ಲಿ ಎ.ಸಿ. ಯಾರಿಗೆ ಬೇಕು? ಅಲ್ಲಿ ಬೇಕಾಗುವುದು ಕುಕ್ಕರ್. ಆ ಎತ್ತರದಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿದುಬಿಡುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ. ಒಗ್ಗರಣೆ ಹಾಕುವಾಗ ಎಚ್ಚರವಿರಲಿ, ಕರಡಿಗಳ ಮೂಗು ನಮ್ಮದಕ್ಕಿಂತ ಬಹಳ ಚುರುಕು. ಊಟದ ಪದಾರ್ಥ, ಕಸ, ತೊಳೆಯದ ಪಾತ್ರೆ ಯಾವುದನ್ನೂ ಹೊರಗಿಡುವಂತಿಲ್ಲ.

ಸಂಕೋಚದಿಂದ ಯಾರೂ ಹೇಳದ ವಿಷಯವನ್ನೂ ಹೇಳಿಬಿಡುತ್ತೇನೆ. ಶೌಚಕ್ಕೆ ನೀರು ಬಳಸುವ ನಮ್ಮಂಥವರ ಟ್ರೈಲರಿನಲ್ಲಿ ಶೌಚದ ತೊಟ್ಟಿ ಬೇಗ ತುಂಬುತ್ತದೆ ಎಂಬುದು ನಿಜ, ಆದರೆ ಅದರಿಂದ ತೊಟ್ಟಿಗೆ ಒಳಿತೇ. ನೀರು ಕಡಿಮೆಯಾದಾಗಲೇ ಅದು ಕಟ್ಟಿಕೊಳ್ಳುವುದು. ಹೆಚ್ಚು ದುರ್ವಾಸನೆ ಬರುವುದು ಪಾತ್ರೆ ತೊಳೆದ ನೀರಿನ ತೊಟ್ಟಿಯಿಂದ. ಎಣ್ಣೆ, ಬೇಳೆಯ ಚೂರುಗಳನ್ನು ಕಾಗದದಲ್ಲಿ ಒರೆಸಿ ತೆಗೆದ ಮೇಲೆಯೇ ತೊಳೆಯಿರಿ. ಖಾಲಿ ಮಾಡುವಾಗ ಶೌಚದ ತೊಟ್ಟಿಯನ್ನು ಮೊದಲು ಬಿಡಬೇಕು, ಬಚ್ಚಲ ನೀರು ಆಮೇಲೆ ಹರಿದು ಕೊಳವೆಯನ್ನು ತೊಳೆಯುತ್ತದೆ.

ಒರೆಗಾನಿನ ಕಡಲತೀರದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ನಾನು ನೇರವಾಗಿ ಹಿಂದಿರುಗುವ ದಾರಿಗೆ ಬರುತ್ತೇನೆ. ವಯೋಮಿಂಗಿನಲ್ಲಿ ಐ-80ರ ಮೇಲೆ ರಾಲಿನ್ಸ್‌ನಿಂದ ಲಾರಮಿಯವರೆಗಿನ ದಾರಿ ಗಾಳಿಗೆ ಕುಖ್ಯಾತವಾದದ್ದು. ಎತ್ತರದ ಹಗುರ ವಾಹನಗಳಿಗೆ ಆ ರಸ್ತೆಯನ್ನು ಆಗಾಗ ಮುಚ್ಚುತ್ತಾರೆ. ಬೆಳಗಿನ ಹೊತ್ತಿನಲ್ಲಿಯೇ ದಾಟಿಕೊಳ್ಳಿ. ಹೆದ್ದಾರಿಯಲ್ಲಿ ಎಲ್ಲರೂ 80 ಮೈಲಿಯ ವೇಗದಲ್ಲಿ ಹಾದುಹೋಗುತ್ತಿದ್ದರೂ ನಿಮ್ಮ ವೇಗ 62, 63ರಲ್ಲಿಯೇ ಇರಲಿ. ಟ್ರೈಲರಿನ ಟೈರುಗಳಲ್ಲಿ ಬಹಳಷ್ಟನ್ನು ತಯಾರಿಸಿರುವುದು 65 ಮೈಲಿಯ ಮಿತಿಗೆ.

ಹೀಗೆ ಗಾಳಿಯೊಡನೆ ಗುದ್ದಾಡಿ ತೋಳು ಸೋತ ಹೊತ್ತಿನಲ್ಲಿಯೇ ಸಿಕ್ಕಿದ್ದು ಲಾರಮಿಯ ಹತ್ತಿರದ ಟ್ರಕ್ ಸ್ಟಾಪಿನಲ್ಲಿರುವ ಪಂಜಾಬಿ ಢಾಬಾ. ಅಮೆರಿಕದ ಲಾರಿ ಚಾಲಕರಲ್ಲಿ ಪಂಜಾಬಿಗಳ ಸಂಖ್ಯೆ ದೊಡ್ಡದು. ಅವರಿಗಾಗಿಯೇ ಐ-80, ಐ-40 ಹೆದ್ದಾರಿಗಳುದ್ದಕ್ಕೂ ಇಂಥ ಅಡುಗೆಮನೆಗಳು ಹುಟ್ಟಿಕೊಂಡಿವೆ. ಹೊರಗಿನಿಂದ ನೋಡಿದರೆ ಬರಿಯ ಡೀಸೆಲ್ ಬಂಕು. ಒಳಗೆ ಚಿಪ್ಸ್ ಪೊಟ್ಟಣಗಳ ಸಾಲು ದಾಟಿ ಹೋದರೆ, ಕಾವಲಿಯಿಂದ ಆಗತಾನೇ ಇಳಿದ ಆಲೂ ಪರೋಟಾ, ಅದರ ಮೇಲೆ ಕರಗುತ್ತಿರುವ ಬೆಣ್ಣೆ, ಹುಳಿ ಹುಳಿಯಾದ ಕಢಿ, ಕೇಳಿದಷ್ಟು ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪಿನಕಾಯಿ. ಅಮೆರಿಕದ ಊರಿನ ಭಾರತೀಯ ಹೋಟೆಲುಗಳಲ್ಲಿ ಸಿಗುವ, ಕೆನೆ ಸುರಿದ ಸಿಹಿ ಪಲ್ಯಗಳ ಸುಳಿವೇ ಇಲ್ಲ. ಮನೆಯಿಂದ ದೂರವಿರುವವರಿಗಾಗಿ ಮನೆಯವರು ಮಾಡಿದಂಥ ಅಡುಗೆ. ಚಹಾವನ್ನು ಶುಂಠಿ ಜಜ್ಜಿ ಹಾಕಿ ಕುದಿಸಿ ಕೊಟ್ಟರು, ಕಾಫಿಯವಳಾದ ನಾನೇ ಎರಡು ಲೋಟ ಕುಡಿದೆ. ಇಬ್ಬರ ಹೊಟ್ಟೆ ತುಂಬಿದ್ದು ಯೆಲ್ಲೋಸ್ಟೋನ್ ಸುತ್ತಲಿನ ಹೋಟೆಲುಗಳಲ್ಲಿ ಒಬ್ಬರ ಊಟಕ್ಕೆ ಕೊಟ್ಟ ಹಣದಲ್ಲಿ. ಇನ್ನೊಂದು ಅನುಕೂಲವನ್ನೂ ಮರೆಯಬಾರದು. ಪೇಟೆಯ ಹೋಟೆಲಿನ ಮುಂದೆ ಟ್ರೈಲರ್ ನಿಲ್ಲಿಸಲು ಜಾಗವೇ ಇರುವುದಿಲ್ಲ, ಇಲ್ಲಿ ಲಾರಿಗಳ ಅಂಗಳದಲ್ಲಿ ನುಗ್ಗಿದಂತೆಯೇ ಹೊರಬರಬಹುದು. ಪರೋಟಾಗಳನ್ನು ಕಟ್ಟಿಸಿಕೊಂಡು ಹೊರಟರೆ ನೆಬ್ರಾಸ್ಕಾದ ಮುಗಿಯದ ಜೋಳದ ಹೊಲಗಳ ನಡುವೆ ರಾತ್ರಿಯ ಊಟದ ಚಿಂತೆಯಿಲ್ಲ.

ಪೂರ್ವ ಕರಾವಳಿಯವರು ಮನೆ ಹತ್ತಿರವಾಯಿತೆಂದು ಫೋನಿನ ನಕ್ಷೆಯನ್ನೇ ನಂಬಿಬಿಡಬೇಡಿ. ನ್ಯೂಯಾರ್ಕ್ ಸುತ್ತಲಿನ, ಕಾರುಗಳಿಗೆಂದೇ ಮಾಡಿದ ಪಾರ್ಕ್‌ವೇ ರಸ್ತೆಗಳಲ್ಲಿ ಟ್ರೈಲರುಗಳಿಗೆ ಪ್ರವೇಶವಿಲ್ಲ, ಅಲ್ಲಿನ ಹಳೆಯ ಕಮಾನು ಸೇತುವೆಗಳು ತೀರ ತಗ್ಗು. ಸಾಧಾರಣ ನಕ್ಷೆಗೆ ಅದು ಗೊತ್ತಿಲ್ಲದೆ ಹತ್ತಿರದ ದಾರಿಯೆಂದು ಅತ್ತಲೇ ತಿರುಗಿಸುತ್ತದೆ. ವಾಹನದ ಎತ್ತರವನ್ನು ನಮೂದಿಸಿಕೊಳ್ಳುವ ಜಿಪಿಎಸ್ ಬಳಸಿ, ಛಾವಣಿಯ ಎ.ಸಿ.ಯನ್ನೂ ಸೇರಿಸಿ ಅಳೆದ ಅಂಕಿಯನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗಿನ ಮುಂದೆ ಅಂಟಿಸಿಕೊಳ್ಳಿ. ನಮ್ಮದು 10 ಅಡಿ 6 ಇಂಚು.