ಆಡಮ್ಸ್ ಬಿಬಿಸಿ ವಿರುದ್ಧ ಗೆದ್ದಾಗ ಜನರ ಮಾತನ್ನು ನಾವು ಓದಿದ ರೀತಿ

ನನ್ನ ಕೆಲಸ ಮೀಡಿಯಾ ಮಾನಿಟರಿಂಗ್. ಪತ್ರಿಕೆ, ಟಿವಿ, ರೇಡಿಯೋ, ಸೋಶಿಯಲ್ ಮೀಡಿಯಾ ಎಲ್ಲ ನೋಡಿ, ಒಂದು ಸುದ್ದಿಗೆ ಜನ ಏನಂದರು ಅಂತ ರಿಪೋರ್ಟ್ ಬರೆದು ಕ್ಲೈಂಟಿಗೆ ಕಳಿಸಬೇಕು. ನಮ್ಮ ಟೀಮಿಗೆ ಬರುವುದು ಬ್ರಿಟನ್ ಮತ್ತು ಐರ್ಲೆಂಡಿನ ಸುದ್ದಿ. ಸಾಮಾನ್ಯವಾಗಿ ಒಂದೊಂದು ಪೋಸ್ಟಿಗೂ ಪರ, ವಿರೋಧ, ತಟಸ್ಥ ಅಂತ ಗುರುತು ಹಾಕುತ್ತೇವೆ, ಕೊನೆಗೆ ಒಂದು ಚಾರ್ಟ್ ಮಾಡುತ್ತೇವೆ. ಬಜೆಟ್ಟು, ಚುನಾವಣೆ, ಮಂತ್ರಿಯ ರಾಜೀನಾಮೆ, ಇಂಥದ್ದಕ್ಕೆಲ್ಲ ಅಷ್ಟು ಸಾಕು. ಮಾನನಷ್ಟ ಕೇಸಿನ ತೀರ್ಪಿಗೆ ಮಾತ್ರ ಅದು ಸಾಕಾಗುವುದೇ ಇಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಇದನ್ನು ನಾನು ಪ್ರತಿ ಸಲ ಹೇಳುತ್ತೇನೆ, ಉದಾಹರಣೆಗೆ ತೆಗೆದುಕೊಳ್ಳುವುದು ಜೆರ್ರಿ ಆಡಮ್ಸ್ ಕೇಸನ್ನೇ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಆಡಮ್ಸ್ 1983ರಿಂದ 2018ರವರೆಗೆ, ಇಡೀ ಐರ್ಲೆಂಡ್ ಒಂದಾಗಬೇಕು ಅನ್ನುವ ಶಿನ್ ಫೇನ್ ಪಕ್ಷದ ಅಧ್ಯಕ್ಷರಾಗಿದ್ದವರು. ಉತ್ತರ ಐರ್ಲೆಂಡಿನ ಹಿಂಸೆ ನಿಲ್ಲಿಸಲು ಆದ 1998ರ ಶಾಂತಿ ಒಪ್ಪಂದದಲ್ಲಿ ಅವರ ಪಾತ್ರ ದೊಡ್ಡದು. ತಾನು ಐಆರ್‌ಎ (ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಸಶಸ್ತ್ರ ಗುಂಪು) ಸದಸ್ಯನಾಗಿರಲಿಲ್ಲ ಅಂತ ಅವರು ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಅವರದೇ ಪಕ್ಷದಲ್ಲಿ ಡೆನಿಸ್ ಡೊನಾಲ್ಡ್‌ಸನ್ ಅಂತ ಒಬ್ಬರಿದ್ದರು. ತಾನು ವರ್ಷಗಟ್ಟಲೆ ಬ್ರಿಟಿಷರ ಗೂಢಚಾರನಾಗಿದ್ದೆ ಅಂತ 2005ರ ಡಿಸೆಂಬರ್‌ನಲ್ಲಿ ಅವರೇ ಒಪ್ಪಿಕೊಂಡರು. 2006ರ ಏಪ್ರಿಲ್‌ನಲ್ಲಿ ಡೊನೆಗಾಲ್‌ನ ಒಂದು ಸಣ್ಣ ಮನೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. 2009ರಲ್ಲಿ ರಿಯಲ್ ಐಆರ್‌ಎ ಅನ್ನುವ ಬೇರೆ ಗುಂಪು ಕೊಂದದ್ದು ನಾವೇ ಅಂದಿತು. 2016ರಲ್ಲಿ ಬಿಬಿಸಿ ನಾರ್ದರ್ನ್ ಐರ್ಲೆಂಡಿನ 'ಸ್ಪಾಟ್‌ಲೈಟ್' ಕಾರ್ಯಕ್ರಮದಲ್ಲಿ ಹೆಸರು ಮುಖ ಮರೆಸಿದ ಒಬ್ಬ ವ್ಯಕ್ತಿ ಬಂದ. ಕೊಲೆಗೆ ಐಆರ್‌ಎ ಮೇಲಿನವರ ಒಪ್ಪಿಗೆ ಇತ್ತು ಅಂತ ಹೇಳಿ, ಆಡಮ್ಸ್ ಕಡೆ ಬೆರಳು ತೋರಿಸಿದ. ಆಡಮ್ಸ್ ಅದನ್ನು ಅಲ್ಲಗಳೆದದ್ದೂ ಕಾರ್ಯಕ್ರಮದಲ್ಲಿ ಬಂದಿತ್ತು. ಅವರು ಡಬ್ಲಿನ್‌ನಲ್ಲಿ ಕೇಸು ಹಾಕಿದರು. 2025ರ ಮೇ 30ರಂದು ಅಲ್ಲಿನ ಹೈಕೋರ್ಟಿನ ಜ್ಯೂರಿ, ಅಂದರೆ ಕೇಸು ತೀರ್ಮಾನಿಸಲು ಆರಿಸಿ ಕೂರಿಸಿದ ಸಾಮಾನ್ಯ ಜನರ ಗುಂಪು, ಅವರ ಪರ ನಿಂತು 1 ಲಕ್ಷ ಯೂರೋ ಪರಿಹಾರ ಕೊಟ್ಟಿತು.

ತೀರ್ಪು ಬಂದ ಮೇಲೆ ಪೋಸ್ಟುಗಳು ನಿಲ್ಲದೆ ಬಂದವು. ಸಂಜೆಯೊಳಗೆ 'ಜನ ಆಡಮ್ಸ್ ಪರವೋ, ಬಿಬಿಸಿ ಪರವೋ' ಅಂತ ಎರಡು ಸಾಲಿನಲ್ಲಿ ಹೇಳಿ ಅಂತ ಕ್ಲೈಂಟ್ ಕೇಳಿದ್ದರು. ಟೀಮಿನಲ್ಲಿ ಹೊಸದಾಗಿ ಸೇರಿದ್ದ ಹುಡುಗ ಒಂದು ಪೋಸ್ಟ್ ತೋರಿಸಿ, "ಮೇಡಂ, ಇವರು ಆಡಮ್ಸ್‌ನ ಬೈತಾ ಇದ್ದಾರೆ, ಆದ್ರೆ ತೀರ್ಪು ಸರಿ ಅಂತಾನೂ ಹೇಳ್ತಾ ಇದ್ದಾರೆ. ಇದನ್ನ ಯಾವುದಕ್ಕೆ ಹಾಕ್ಲಿ?" ಅಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಅಂಥ ಪೋಸ್ಟುಗಳು ಒಂದೆರಡಲ್ಲ. ಇನ್ನು ಕೆಲವರು ಆಡಮ್ಸ್ ಗೆದ್ದದ್ದಕ್ಕೆ ಖುಷಿಪಟ್ಟಿದ್ದರು, ಆದರೆ ಅನಾಮಿಕ ಮೂಲದ ಮೇಲೆ ವರದಿ ಮಾಡುವ ಪತ್ರಕರ್ತರಿಗೆ ಮುಂದೆ ಕಷ್ಟ ಅಂತ ಭಯವನ್ನೂ ಹೇಳಿಕೊಂಡಿದ್ದರು. ಒಂದೇ ಮನುಷ್ಯ, ಒಂದೇ ಪೋಸ್ಟ್, ಎರಡು ಅಭಿಪ್ರಾಯ. ಚಾರ್ಟಿನಲ್ಲಿ ಇವರಿಗೆ ಜಾಗವೇ ಇಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟೇ. ಮೊದಲು ಜ್ಯೂರಿಗೆ ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೋ. ಆಮೇಲೆ ಒಂದೊಂದು ಪೋಸ್ಟು ಅದರಲ್ಲಿ ಯಾವ ಪ್ರಶ್ನೆಗೆ ಉತ್ತರ ಕೊಡ್ತಾ ಇದೆ ಅಂತ ನೋಡು.

ಜ್ಯೂರಿಗೆ ಕೇಳಿದ್ದು ತುಂಬಾ ಕಿರಿದಾದ ಪ್ರಶ್ನೆಗಳು. ಕಾರ್ಯಕ್ರಮದ ಮಾತುಗಳ ಅರ್ಥ 'ಕೊಲೆಗೆ ಆಡಮ್ಸ್ ಒಪ್ಪಿಗೆ ಕೊಟ್ಟರು' ಅಂತ ಆಗುತ್ತದೆಯೇ? ಅದರ ಜೊತೆ ವೆಬ್‌ನಲ್ಲಿ ಬಂದ ಲೇಖನದ ಅರ್ಥವೂ ಅದೇನಾ? ಬಿಬಿಸಿ ಒಳ್ಳೆಯ ನಂಬಿಕೆಯಿಂದ ಪ್ರಸಾರ ಮಾಡಿತೇ? ಅದನ್ನು ಪ್ರಸಾರ ಮಾಡಿದ್ದು ನ್ಯಾಯವೂ ಸಮಂಜಸವೂ ಆಗಿತ್ತೇ? ಮೊದಲ ಎರಡಕ್ಕೆ ಹೌದು, ಉಳಿದದ್ದಕ್ಕೆ ಇಲ್ಲ ಅಂತ ಜ್ಯೂರಿ ಹೇಳಿತು. ಡೊನಾಲ್ಡ್‌ಸನ್ ಅವರನ್ನು ಕೊಂದವರು ಯಾರು ಅಂತ ಅವರನ್ನು ಯಾರೂ ಕೇಳಲಿಲ್ಲ. ಆಡಮ್ಸ್ ಐಆರ್‌ಎಯಲ್ಲಿದ್ದರೇ ಇಲ್ಲವೇ ಅಂತಲೂ ಕೇಳಲಿಲ್ಲ. ಹೇಳಿದ್ದೆಲ್ಲ ನಿಜ ಅಂತ ಸಾಬೀತು ಮಾಡುತ್ತೇವೆ ಅನ್ನುವುದು ಬಿಬಿಸಿಯ ವಾದವೂ ಆಗಿರಲಿಲ್ಲ. ಜನರಿಗೆ ಸಂಬಂಧಿಸಿದ ವಿಷಯವನ್ನು ಜವಾಬ್ದಾರಿಯಿಂದ ವರದಿ ಮಾಡಿದ್ದೇವೆ ಅನ್ನುವುದೇ ಅವರ ವಾದ.

ಆದರೆ ಹೊರಗೆ ನಿಂತವರು ವಾರಗಟ್ಟಲೆ ಕೇಳಿದ್ದೇ ಬೇರೆ. ಸಾಕ್ಷಿಕಟ್ಟೆಯಲ್ಲಿದ್ದ ಆಡಮ್ಸ್‌ಗೆ ಬಿಬಿಸಿ ವಕೀಲರು ಹಳೆಯ ಹಿಂಸೆಯ ದಿನಗಳ ಬಗ್ಗೆ, ಐಆರ್‌ಎ ಬಗ್ಗೆ, ಅವರ ಹೆಸರಿಗೆ ಅಂಟಿಕೊಂಡ ಮಾತುಗಳ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು. ಇಂಥ ಹೆಸರಿಗೆ ಇದರಿಂದ ಆಗುವ ಹಾನಿ ಎಷ್ಟು ಅನ್ನುವುದು ಅವರ ವಾದವಾಗಿತ್ತು. ಆಡಮ್ಸ್ ಕಡೆಯವರು ಅವರನ್ನು ಶಾಂತಿ ತಂದವರು ಅಂತ ತೋರಿಸಿದರು. ಇದನ್ನೆಲ್ಲ ದಿನಾ ಸುದ್ದಿಯಲ್ಲಿ ಓದಿದ ಮನುಷ್ಯ ತೀರ್ಪು ಬಂದಾಗ ಏನು ಮಾಡುತ್ತಾನೆ? ಇಡೀ ಮನುಷ್ಯನ ಬಗ್ಗೆ, ಇಡೀ ಇತಿಹಾಸದ ಬಗ್ಗೆ ತೀರ್ಪು ಬಂತು ಅಂದುಕೊಳ್ಳುತ್ತಾನೆ. ಅದು ಅವನ ತಪ್ಪಲ್ಲ. ಸ್ವಂತ ಮನೆಯವರನ್ನು ಆ ದಿನಗಳಲ್ಲಿ ಕಳೆದುಕೊಂಡವರು ಇದನ್ನು ಕಾನೂನಿನ ಸೆಕ್ಷನ್ ಹಿಡಿದು ಓದಬೇಕು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅವರ ಮಾತನ್ನು ಓದುವ ಕೆಲಸದಲ್ಲಿರುವ ನಾವು ಮಾತ್ರ ಆ ವ್ಯತ್ಯಾಸ ಹಿಡಿಯಲೇಬೇಕು.

ಹೀಗೆ ಪ್ರಶ್ನೆ ಇಟ್ಟುಕೊಂಡು ವಿಂಗಡಿಸಿದಾಗ ಬೇರೆಯೇ ಚಿತ್ರ ಬಂತು. ದೊಡ್ಡ ರಾಶಿ ಆಡಮ್ಸ್ ಎಂಥವರು ಅನ್ನುವುದರ ಬಗ್ಗೆ. ಅದರ ಪಕ್ಕದಲ್ಲೇ ಬಿಬಿಸಿ ಎಂಥದ್ದು ಅನ್ನುವ ರಾಶಿ. ಕೋರ್ಟಿನ ಹೊರಗೆ ಆಡಮ್ಸ್ ಆಡಿದ ಮಾತೂ ಇದಕ್ಕೆ ಸೇರಿತು. ಈ ಕೇಸು ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್‌ಗೆ ನಡತೆ ಕಲಿಸುವುದಕ್ಕೆ ಅಂತ ಅವರು ಅಂದಿದ್ದರು, ಅದನ್ನೇ ಹಿಡಿದು ಒಂದಷ್ಟು ಜನ ಚಪ್ಪಾಳೆ ತಟ್ಟಿದರು, ಒಂದಷ್ಟು ಜನ ಸಿಟ್ಟಾದರು. ಮೂರನೆಯದು ದುಡ್ಡಿನ ಮಾತು. ಪರಿಹಾರಕ್ಕಿಂತ ವಕೀಲರ ಖರ್ಚೇ ಎಷ್ಟೋ ಪಟ್ಟು ಜಾಸ್ತಿ, ಬಿಬಿಸಿ ಕಟ್ಟುವುದು ಟಿವಿ ನೋಡುವ ಮನೆಗಳು ಕೊಡುವ ಲೈಸೆನ್ಸ್ ಫೀ ದುಡ್ಡಿನಿಂದ, ಅಂದರೆ ನಮ್ಮ ದುಡ್ಡು ಅಂತ ಬ್ರಿಟನ್ನಿನ ಜನ ಬರೆದರು. ಬಂದ ದುಡ್ಡನ್ನು ಒಳ್ಳೆಯ ಕೆಲಸಗಳಿಗೆ ಕೊಡುತ್ತೇನೆ ಅಂತ ಆಡಮ್ಸ್ ಹೇಳಿದ್ದರಿಂದ ಆ ಚರ್ಚೆ ಇನ್ನೊಂದು ದಾರಿ ಹಿಡಿಯಿತು. ಜ್ಯೂರಿಯ ನಿಜವಾದ ಪ್ರಶ್ನೆ, ಅಂದರೆ ಬಿಬಿಸಿ ಜವಾಬ್ದಾರಿಯಿಂದ ವರದಿ ಮಾಡಿತೇ ಅನ್ನುವುದರ ಬಗ್ಗೆ ಮಾತಾಡಿದವರು ಹೆಚ್ಚಾಗಿ ಪತ್ರಕರ್ತರು ಮತ್ತು ವಕೀಲರು. ಬಿಬಿಸಿ ನಾರ್ದರ್ನ್ ಐರ್ಲೆಂಡಿನ ನಿರ್ದೇಶಕ ಆಡಮ್ ಸ್ಮಿತ್ ಇದರ ಪರಿಣಾಮ ದೊಡ್ಡದು ಅಂದರು. ಈಗಿನ ಐರಿಷ್ ಕಾನೂನಿನಲ್ಲಿ ಬಿಬಿಸಿಯೇ ಗೆಲ್ಲಲಾಗದಿದ್ದರೆ ಬೇರೆ ಯಾರು ಗೆಲ್ಲುತ್ತಾರೆ ಅನ್ನುವುದು ಅವರ ಮಾತಿನ ಸಾರ.

ಡೊನಾಲ್ಡ್‌ಸನ್ ಮನೆಯವರ ಮಾತು ಇದರಲ್ಲಿ ಯಾವ ರಾಶಿಗೂ ಸೇರುವುದಿಲ್ಲ. ಎರಡೂ ಕಡೆಯವರು ತಮ್ಮ ಹಿತ ನೋಡಿಕೊಂಡರು, ನಮ್ಮ ನೋವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅಂತ ಅವರು ಹೇಳಿದರು. ಕೊಲೆಯ ಬಗ್ಗೆ ಸಾರ್ವಜನಿಕ ವಿಚಾರಣೆ ಆಗಲಿ ಅಂತ ಕೇಳಿದರು. ಸಂಖ್ಯೆ ಲೆಕ್ಕ ಹಾಕಿದರೆ ಇದು ಸಾವಿರಾರು ಪೋಸ್ಟುಗಳ ನಡುವೆ ಒಂದು ಹೇಳಿಕೆ. ಆದರೂ ರಿಪೋರ್ಟಿನ ಮೊದಲ ಪುಟದಲ್ಲಿ ಹಾಕಿದೆ. ಮ್ಯಾನೇಜರ್ ಯಾಕೆ ಅಂತ ಕೇಳಿದರು. ಈ ಗಲಾಟೆಯಲ್ಲಿ ಕೊಲೆಯ ಬಗ್ಗೆ ಉತ್ತರ ಸಿಗಲೇಬೇಕಾದವರು ಇವರು, ಸಂಖ್ಯೆ ಕಡಿಮೆ ಅಂತ ಇವರನ್ನು ಕೊನೆಗೆ ತಳ್ಳಿದರೆ ರಿಪೋರ್ಟ್ ಸುಳ್ಳಾಗುತ್ತದೆ ಅಂದೆ. ಒಪ್ಪಿದರು.

ಇನ್ನೊಂದು ವಿಷಯ ಪ್ರಾಕ್ಟಿಕಲ್ಲಾಗಿ ತುಂಬಾ ಮುಖ್ಯ. ತೀರ್ಪಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಎಷ್ಟೋ ಜನ ಅದೇ ಆರೋಪವನ್ನು ನಿಜ ಅನ್ನುವ ಹಾಗೆ ಮತ್ತೆ ಬರೆದಿರುತ್ತಾರೆ. ಅದನ್ನು ನಾವು ರಿಪೋರ್ಟಿನಲ್ಲಿ ಹಾಗೇ ಕಾಪಿ ಮಾಡಬಾರದು. ಬೇರೆಯವರು ಹೇಳಿದ್ದನ್ನು ಸುಮ್ನೆ ಎತ್ತಿ ಹಾಕಿದ್ದೇನೆ ಅನ್ನುವುದು ಮಾನನಷ್ಟ ಕಾನೂನಿನಲ್ಲಿ ರಕ್ಷಣೆ ಆಗುವುದಿಲ್ಲ. ಇದಕ್ಕೆ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ರಾಜಕಾರಣಿ ಲಾರ್ಡ್ ಮೆಕಾಲ್ಪೈನ್ ಪ್ರಕರಣವೇ ಸಾಕ್ಷಿ. 2012ರ ನವೆಂಬರ್ 2ರಂದು ಬಿಬಿಸಿಯ 'ನ್ಯೂಸ್‌ನೈಟ್' ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಒಂದು ವರದಿ ಹಾಕಿತು, ಹೆಸರು ಹೇಳಲಿಲ್ಲ. ಮೆಕಾಲ್ಪೈನ್ ಹೆಸರು ಹಾಕಿದವರು ಟ್ವಿಟರ್ ಜನ. ಕೊನೆಗೆ ನೋಡಿದರೆ ಅದು ಗುರುತು ಹಿಡಿಯುವುದರಲ್ಲೇ ಆದ ತಪ್ಪು, ಅವರಿಗೂ ಆ ವಿಷಯಕ್ಕೂ ಸಂಬಂಧವೇ ಇರಲಿಲ್ಲ. ಬಿಬಿಸಿ 1,85,000 ಪೌಂಡ್ ಕೊಟ್ಟು ರಾಜಿ ಮಾಡಿಕೊಂಡಿತು. ಮಹಾನಿರ್ದೇಶಕ ಜಾರ್ಜ್ ಎಂಟ್‌ವಿಸಲ್ ನವೆಂಬರ್ 10ರಂದೇ ರಾಜೀನಾಮೆ ಕೊಟ್ಟರು. ಅಲ್ಲಿಗೇ ನಿಲ್ಲಲಿಲ್ಲ, ಬ್ರಿಟಿಷ್ ಸಂಸತ್ತಿನ ಆಗಿನ ಸ್ಪೀಕರ್ ಹೆಂಡತಿ ಸ್ಯಾಲಿ ಬರ್ಕೋ ಬರೆದ ಒಂದೇ ಸಾಲಿನ ಟ್ವೀಟು ಕೂಡ ಲಂಡನ್ ಹೈಕೋರ್ಟಿಗೆ ಹೋಯಿತು. ಮೆಕಾಲ್ಪೈನ್ ಯಾಕೆ ಟ್ರೆಂಡ್ ಆಗ್ತಾ ಇದ್ದಾರೆ ಅಂತ ಕೇಳಿ, ಕೊನೆಗೆ 'ಮುಗ್ಧ ಮುಖ' ಅಂತ ಸೇರಿಸಿದ್ದರು. 2013ರಲ್ಲಿ ಅದು ಮಾನಹಾನಿಯೇ ಅಂತ ತೀರ್ಪು ಬಂತು.

ಆ ತೀರ್ಪನ್ನು ಕೊಟ್ಟದ್ದು ಜ್ಯೂರಿ ಅಲ್ಲ, ಒಬ್ಬ ನ್ಯಾಯಾಧೀಶರು. ಹೆಚ್ಚು ಯೋಚಿಸಬೇಕಾದ ವಿಷಯ ಇದೇ ಅಂತ ನನಗೆ ಅನ್ನಿಸುತ್ತದೆ. ಆ ಎರಡು ಪದಗಳನ್ನು ನಾಟಕದ ಸೂಚನೆಯ ಹಾಗೆ ಯಾಕೆ ಓದಬೇಕು, ಓದುವವರಿಗೆ ಅದರಿಂದ ಏನು ಅರ್ಥವಾಗುತ್ತದೆ ಅಂತ ಅವರು ಬಿಡಿಸಿ ಬರೆದರು. ತೀರ್ಪು ಇಷ್ಟವಾಗದವರಿಗೂ ಜಗಳಕ್ಕೆ ಒಂದು ಆಧಾರ ಇತ್ತು. ಈ ಪ್ಯಾರಾ ಸರಿ ಇಲ್ಲ, ಆ ತರ್ಕ ಒಪ್ಪಲ್ಲ ಅಂತ ಹೇಳಬಹುದಿತ್ತು.

ಡಬ್ಲಿನ್‌ನಲ್ಲಿ ಅದು ಇರಲಿಲ್ಲ. ಜ್ಯೂರಿ ಹೌದು, ಇಲ್ಲ, ಇಷ್ಟು ದುಡ್ಡು ಅಂತ ಹೇಳಿ ಮನೆಗೆ ಹೋಗುತ್ತದೆ. ಒಳ್ಳೆಯ ನಂಬಿಕೆ ಇರಲಿಲ್ಲ ಅಂದರಲ್ಲ, ಯಾಕೆ ಅಂದರು? ಅನಾಮಿಕ ವ್ಯಕ್ತಿಯನ್ನು ನಂಬಿದ್ದಕ್ಕಾ? ಬೇರೆ ಮೂಲಗಳೂ ಇದನ್ನೇ ಹೇಳಿದವು ಅಂತ ಬಿಬಿಸಿ ಹೇಳಿದ್ದನ್ನು ಒಪ್ಪಲಿಲ್ಲವಾ? ರಿಯಲ್ ಐಆರ್‌ಎ 2009ರಲ್ಲೇ ಒಪ್ಪಿಕೊಂಡಿತ್ತಲ್ಲ ಅನ್ನುವ ಕಾರಣಕ್ಕಾ? ಕಾರಣ ಬರೆದಿಡುವುದು ಜ್ಯೂರಿಯ ಪದ್ಧತಿಯಲ್ಲೇ ಇಲ್ಲ. ಆ ಖಾಲಿ ಜಾಗವನ್ನು ಒಬ್ಬೊಬ್ಬರೂ ತಮಗೆ ಬೇಕಾದ ಕಾರಣದಿಂದ ತುಂಬಿಕೊಂಡರು. ಆಡಮ್ಸ್‌ರನ್ನು ಮೆಚ್ಚುವವರು ಅವರ ಹೆಸರು ಪೂರ್ತಿ ಶುದ್ಧವಾಯಿತು ಅಂದರು. ಮೆಚ್ಚದವರು ಜ್ಯೂರಿಗೆ ಇತಿಹಾಸ ಗೊತ್ತಿಲ್ಲ ಅಂದರು. ಪತ್ರಕರ್ತರು ಇನ್ನು ಅನಾಮಿಕ ಮೂಲಗಳ ಕಥೆ ಮುಗಿಯಿತು ಅಂದರು. ಕೋರ್ಟ್ ಹೇಳಿದ್ದರಲ್ಲಿ ಈ ಮೂರಕ್ಕೂ ಆಧಾರ ಇಲ್ಲ. ನಾನು ರಿಪೋರ್ಟಿನಲ್ಲಿ ಬಿಬಿಸಿ ಯಾಕೆ ಸೋತಿತು ಅನ್ನುವ ಪ್ರಶ್ನೆಗೆ ಜ್ಯೂರಿಯ ಉತ್ತರಗಳನ್ನಷ್ಟೇ ಹಾಕಿದೆ. ಅದರ ಕೆಳಗೆ ಒಂದು ಊಹೆಯನ್ನೂ ಸೇರಿಸಲಿಲ್ಲ. ಕ್ಲೈಂಟ್ ಮತ್ತೆ ಫೋನ್ ಮಾಡಿ, ಸ್ವಲ್ಪ ವಿಶ್ಲೇಷಣೆ ಬೇಕಿತ್ತು ಅಂದರು. ವಿಶ್ಲೇಷಣೆ ಮಾಡಬಹುದಾದದ್ದು ಜನರ ಮಾತನ್ನು, ಜ್ಯೂರಿಯ ಮನಸ್ಸನ್ನಲ್ಲ ಅಂತ ವಿವರಿಸಿದೆ.

ಪರಿಹಾರದ ಮೊತ್ತವನ್ನು ಓದುವಾಗಲೂ ಹುಷಾರಾಗಿರಬೇಕು. ಐರ್ಲೆಂಡಿನ ಪ್ರಧಾನಿಯಾಗಿದ್ದ ಆಲ್ಬರ್ಟ್ ರೆನಾಲ್ಡ್ಸ್ ಲಂಡನ್ನಿನಲ್ಲಿ ಒಂದು ಪತ್ರಿಕೆಯ ಮೇಲೆ ಕೇಸು ಹಾಕಿ 1996ರಲ್ಲಿ ಗೆದ್ದರು. ಜ್ಯೂರಿ ಕೊಟ್ಟ ಪರಿಹಾರ ಸೊನ್ನೆ, ನ್ಯಾಯಾಧೀಶರು ಅದನ್ನು ಒಂದು ಪೆನ್ನಿ ಮಾಡಿದರು. ಕಾಗದದ ಮೇಲೆ ಗೆದ್ದರು, ಜನ ಅದನ್ನು ಸೋಲು ಅಂತಲೇ ಓದಿದರು. ಅದೇ ಕೇಸು ಮೇಲಕ್ಕೆ ಹೋಗಿ 1999ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಜವಾಬ್ದಾರಿಯುತ ಪತ್ರಿಕೋದ್ಯಮಕ್ಕೆ ಒಂದು ರಕ್ಷಣೆ ಕಟ್ಟಿಕೊಟ್ಟಿತು. ಬಿಬಿಸಿ ಡಬ್ಲಿನ್‌ನಲ್ಲಿ ಹಿಡಿದದ್ದು ಐರ್ಲೆಂಡಿನ 2009ರ ಕಾನೂನಿನಲ್ಲಿರುವ ಅಂಥದ್ದೇ ರಕ್ಷಣೆಯನ್ನು. ಒಬ್ಬ ಐರಿಷ್ ರಾಜಕಾರಣಿಯ ಕೇಸಿನಿಂದ ಪತ್ರಕರ್ತರಿಗೆ ಸಿಕ್ಕಿದ ರಕ್ಷಣೆ, ಅದೇ ಬಗೆಯದು ಇನ್ನೊಬ್ಬ ಐರಿಷ್ ರಾಜಕಾರಣಿಯ ಕೇಸಿನಲ್ಲಿ ನಿಲ್ಲಲಿಲ್ಲ. ಇದನ್ನು ಗಮನಿಸಿ ಬರೆದವರು ಬಹಳ ಕಡಿಮೆ, ಬರೆದವರ ಲೇಖನಗಳನ್ನು ಮಾತ್ರ ನಾನು ಪೂರ್ತಿ ರಿಪೋರ್ಟಿಗೆ ಲಗತ್ತಿಸಿದೆ.

ತೀರ್ಪು ಬಂದಾಗ ಐರ್ಲೆಂಡಿನ ಸಂಸತ್ತಿನ ಮುಂದೆ ಒಂದು ಮಸೂದೆ ಇತ್ತು. ಹೈಕೋರ್ಟಿನ ಮಾನನಷ್ಟ ಕೇಸುಗಳಲ್ಲಿ ಜ್ಯೂರಿಯನ್ನು ತೆಗೆಯಬೇಕು ಅನ್ನುವುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಇಂಗ್ಲೆಂಡ್ 2013ರ ಕಾನೂನಿನಲ್ಲೇ ಹೆಚ್ಚುಕಮ್ಮಿ ಹಾಗೆ ಮಾಡಿದೆ. ಜ್ಯೂರಿ ಬೇಡ ಅನ್ನುವ ಮಾಧ್ಯಮದವರು ಹೇಳುವುದು ಖರ್ಚು, ಸಮಯ, ಮೊತ್ತ ಎಷ್ಟಾಗುತ್ತದೋ ಅನ್ನುವ ಭಯ. ಜ್ಯೂರಿ ಇರಲಿ ಅನ್ನುವವರು ಹೇಳುವುದೂ ನನಗೆ ಅರ್ಥವಾಗುತ್ತದೆ, ಒಬ್ಬ ಮನುಷ್ಯನ ಹೆಸರಿನ ಬೆಲೆ ಎಷ್ಟು ಅಂತ ಹೇಳಬೇಕಾದದ್ದು ಅವನ ಸುತ್ತಲಿನ ಸಾಮಾನ್ಯ ಜನ ಅಂತ ಅವರ ನಂಬಿಕೆ. ನಾನು ಮಾತ್ರ ಕಾರಣ ಬರೆದ ತೀರ್ಪಿನ ಪರ. ದಿನವೆಲ್ಲ ಜನರ ಸಿಟ್ಟು, ಖುಷಿ, ಅನುಮಾನ ಓದುವ ಕೆಲಸದಲ್ಲಿದ್ದು ಹೇಳುತ್ತಿದ್ದೇನೆ, ಕಾರಣ ಕೈಯಲ್ಲಿದ್ದರೆ ಜನ ಅದರ ಜೊತೆ ವಾದ ಮಾಡುತ್ತಾರೆ, ಇಲ್ಲದಿದ್ದರೆ ಒಬ್ಬರ ಉದ್ದೇಶವನ್ನು ಇನ್ನೊಬ್ಬರು ಅನುಮಾನಿಸುತ್ತಾ ಕೂರುತ್ತಾರೆ.

ಈಗ ನಮ್ಮ ಟೀಮಿನಲ್ಲಿ ಮಾನನಷ್ಟ ತೀರ್ಪಿಗೆ ಪರ-ವಿರೋಧ ಚಾರ್ಟ್ ಕಳಿಸುವುದಿಲ್ಲ. ಮೊದಲ ಪುಟದಲ್ಲಿ ಕೋರ್ಟಿನ ಪ್ರಶ್ನೆಗಳು ಮತ್ತು ಉತ್ತರಗಳು, ಆರೋಪದಿಂದ ನೇರವಾಗಿ ನೊಂದವರ ಹೇಳಿಕೆ, ಆಮೇಲೆ ಪ್ರಶ್ನೆವಾರು ಜನರ ಮಾತು. ಕ್ಲೈಂಟುಗಳು ಇನ್ನೂ ಎರಡು ಸಾಲು ಕೇಳುತ್ತಾರೆ. ಆ ಎರಡು ಸಾಲಿನಲ್ಲಿ ಒಂದು ಸಾಲು ಕೋರ್ಟ್ ಏನನ್ನು ನಿರ್ಧರಿಸಲಿಲ್ಲ ಅನ್ನುವುದಕ್ಕೇ ಮೀಸಲು.