ಗುಮ್ಮಟದ ಕೆಳಗಿನ ಜನರೇಟರ್ ಕೋಣೆ

ಕೇಂಬ್ರಿಜ್ ಬೇ ಊರಿನ ಬೀದಿಯಲ್ಲಿ ನಿಂತರೆ ದೂರದಲ್ಲಿ ಒಂದು ಬಿಳಿ ಗುಮ್ಮಟ ಕಾಣುತ್ತದೆ. ಮರ ಎಂಬುದೇ ಇಲ್ಲದ ನೆಲ, ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಆ ಗುಮ್ಮಟದೊಳಗೆ ರಾಡಾರ್ ಇದೆ. ಕೆನಡಾದ ನುನಾವುಟ್ ಪ್ರಾಂತ್ಯ, ವಿಕ್ಟೋರಿಯಾ ದ್ವೀಪದ ದಕ್ಷಿಣ ದಂಡೆ, 69 ಡಿಗ್ರಿ ಉತ್ತರ ಅಕ್ಷಾಂಶ. 2021ರ ಜನಗಣತಿಯ ಪ್ರಕಾರ ಊರಿನ ಜನ 1,760. ಹೊರಗಿನ ಊರಿಗೆ ರಸ್ತೆ ಇಲ್ಲ. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಹುಟ್ಟುವುದು ಜನವರಿ ಎರಡನೇ ವಾರಕ್ಕೆ.

ನಾನು ದಾವಣಗೆರೆಯ ಕಡೆಯವನು. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತೆ, ಈಗ ಮನೆ ಯೆಲ್ಲೋನೈಫ್‌ನಲ್ಲಿ. ಕಟ್ಟಡಗಳ ಸ್ಟ್ಯಾಂಡ್‌ಬೈ ಜನರೇಟರ್‌ಗಳ ಸರ್ವಿಸಿಗೆ ಈ ಊರಿಗೆ ಬರುತ್ತಿರುತ್ತೇನೆ. ಸೇನೆಯ ಗುಮ್ಮಟದೊಳಗೆ ನನಗೆ ಕೆಲಸವೂ ಇಲ್ಲ, ಪ್ರವೇಶವೂ ಇಲ್ಲ. ಆದರೆ ಅದನ್ನು ನೋಡಿದಾಗಲೆಲ್ಲ ಮನಸ್ಸಿಗೆ ಬರುವುದು ಒಂದೇ ಪ್ರಶ್ನೆ. 1957ರಲ್ಲಿ, ಇಷ್ಟು ಚಳಿಯಲ್ಲಿ, ಇಲ್ಲಿ ಎಂಜಿನ್ ನಿಲ್ಲದ ಹಾಗೆ ನೋಡಿಕೊಂಡವರು ಯಾರು? ಆಗ ಇಲ್ಲಿ ಇದ್ದದ್ದು ಆರ್ಕ್ಟಿಕ್ ಉದ್ದಕ್ಕೂ ಕಟ್ಟಿದ ಡ್ಯೂ ಲೈನ್ ಎಂಬ ರಾಡಾರ್ ಸಾಲಿನ ಒಂದು ಕೇಂದ್ರ. ಆ ಸಾಲಿನ ಬಗ್ಗೆ ಓದಿದಲ್ಲೆಲ್ಲ ಅಣುಬಾಂಬು, ಜನರಲ್‌ಗಳು, ರಷ್ಯಾ ಇವೆ. ಜನರೇಟರ್ ಕೋಣೆಯ ಮಾತು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ ಇಷ್ಟು. 1949ರಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬು ಪರೀಕ್ಷೆ ಮಾಡಿತು. ಅಲ್ಲಿಂದ ಅಮೆರಿಕಕ್ಕೆ ಬಾಂಬರ್ ವಿಮಾನ ಹಾರಿದರೆ ಹತ್ತಿರದ ದಾರಿ ಉತ್ತರ ಧ್ರುವದ ಮೇಲೆ. ಆರ್ಕ್ಟಿಕ್ ಅಂಚಿನಲ್ಲೇ ಕಾವಲು ಹಾಕಿದರೆ ಕೆಲವು ಗಂಟೆ ಮೊದಲೇ ಸುಳಿವು ಸಿಗುತ್ತದೆ ಎಂದು 1952ರಲ್ಲಿ ಅಮೆರಿಕದ ಲಿಂಕನ್ ಲ್ಯಾಬೊರೇಟರಿಯ ವಿಜ್ಞಾನಿಗಳು ಸಲಹೆ ಕೊಟ್ಟರು. 1955ರಲ್ಲಿ ಅಮೆರಿಕ, ಕೆನಡಾ ಒಪ್ಪಂದ ಮಾಡಿಕೊಂಡವು. ಅಲಾಸ್ಕಾದ ಕೇಪ್ ಲಿಸ್‌ಬರ್ನ್‌ನಿಂದ ಬ್ಯಾಫಿನ್ ದ್ವೀಪದ ಕೇಪ್ ಡಯರ್‌ವರೆಗೆ ಕೇಂದ್ರಗಳ ಸಾಲು ಎದ್ದಿತು. ಇದೇ ಡಿಸ್ಟಂಟ್ ಅರ್ಲಿ ವಾರ್ನಿಂಗ್ ಲೈನ್, ಅಂದರೆ ದೂರದಿಂದಲೇ ಮುನ್ನೆಚ್ಚರಿಕೆ ಕೊಡುವ ಸಾಲು, ಎಲ್ಲರ ಬಾಯಲ್ಲಿ ಡ್ಯೂ ಲೈನ್. ಸುಮಾರು 25,000 ಜನ ದುಡಿದರು, 4,60,000 ಟನ್ ಸಾಮಾನು ಬಂತು. ಸಮುದ್ರದ ಮಂಜುಗಡ್ಡೆ ಬಿಡುವುದು ಬೇಸಿಗೆಯ ಕೆಲವೇ ವಾರ. ಅಷ್ಟರಲ್ಲಿ ಹಡಗು ಬರಬೇಕು, ಇಳಿಸಬೇಕು, ವಾಪಸ್ ಹೋಗಬೇಕು. ಉಳಿದದ್ದೆಲ್ಲ ವಿಮಾನದಲ್ಲಿ. 1957ರ ಜುಲೈ 31ಕ್ಕೆ ಸಾಲು ಕೆಲಸ ಶುರುಮಾಡಿತು.

ಕೇಂದ್ರಗಳಲ್ಲಿ ಮೂರು ದರ್ಜೆ. ದೊಡ್ಡವು ಮೇನ್, ಕೇಂಬ್ರಿಜ್ ಬೇಯದು ಕ್ಯಾಮ್ ಮೇನ್. ನಡುವಿನವು ಆಕ್ಸಿಲಿಯರಿ. ಎಲ್ಲಕ್ಕಿಂತ ಚಿಕ್ಕವು ಇಂಟರ್‌ಮೀಡಿಯಟ್, ಸಾಲಿನಲ್ಲಿದ್ದವರ ಮಾತಿನಲ್ಲಿ ‘ಐ ಸೈಟ್’. ಪೆಟ್ಟಿಗೆಯಂಥ ಕೋಣೆಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಕಟ್ಟಿದ್ದರು. ಆ ಜೋಡಣೆಯನ್ನು ಟ್ರೇನ್ ಎನ್ನುತ್ತಿದ್ದರು. ಗಾಳಿ ಹೆಚ್ಚಾಗಿ ಬೀಸುವ ದಿಕ್ಕಿಗೇ ಉದ್ದವಾಗಿ ಇಟ್ಟರೆ ಹಿಮ ಗುಡ್ಡೆಯಾಗಿ ಬೀಳುವುದು ಕಡಿಮೆ. ನೆಲಕ್ಕೆ ತಾಗಿಸದೆ ಜಲ್ಲಿಯ ದಿಬ್ಬದ ಮೇಲೆ ಎತ್ತಿ ಇಟ್ಟರೆ ಕಟ್ಟಡದ ಬಿಸಿಗೆ ಕೆಳಗಿನ ಹೆಪ್ಪುಗಟ್ಟಿದ ಮಣ್ಣು ಕರಗುವುದಿಲ್ಲ. ಮೇನ್ ಕೇಂದ್ರದಲ್ಲಿ ಇಂಥ ಎರಡು ಟ್ರೇನು, ನಡುವೆ ಮುಚ್ಚಿದ ಸೇತುವೆ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಓಡಬಹುದು. ಚಳಿಯ ಊರಿನಲ್ಲಿ ಜನ ಅತಿ ಹೆಚ್ಚು ಹೆದರುವುದು ಬೆಂಕಿಗೆ, ಇಲ್ಲಿ ಕೆಲಸಕ್ಕೆ ಬಂದ ಮೇಲೆ ನನಗೆ ಇದು ಅರ್ಥವಾಯಿತು. ಗಾಳಿಯಲ್ಲಿ ತೇವ ಇರುವುದಿಲ್ಲ, ನಂದಿಸಲು ನೀರು ಇರುವುದಿಲ್ಲ, ಮನೆ ಸುಟ್ಟರೆ ಹೊರಗಿನ ಚಳಿಯೇ ಕೊಲ್ಲುತ್ತದೆ.

ಐ ಸೈಟ್‌ಗಳ ವಿಷಯ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಂದೊಂದರಲ್ಲಿ ಇರುತ್ತಿದ್ದವರು ಸಾಮಾನ್ಯವಾಗಿ ಮೂರೇ ಜನ. ಒಬ್ಬ ಕೇಂದ್ರದ ಮುಖ್ಯಸ್ಥ, ಒಬ್ಬ ಅಡುಗೆಯವನು, ಒಬ್ಬ ಮೆಕ್ಯಾನಿಕ್. ಕರಾರು 18 ತಿಂಗಳದ್ದು. ಹೆಂಗಸರಿಗೆ ಅಲ್ಲಿ ಕೆಲಸ ಇರಲಿಲ್ಲ. ಅವರ ಕೇಂದ್ರದಲ್ಲಿ ಇದ್ದದ್ದು ತಿರುಗುವ ರಾಡಾರ್ ಅಲ್ಲ. ಎರಡು ದೊಡ್ಡ ಕೇಂದ್ರಗಳ ನಡುವೆ ತೀರಾ ಕೆಳಗೆ ಹಾರುವ ವಿಮಾನ ನುಸುಳದಂತೆ ಒಂದೇ ಸಮ ರೇಡಿಯೊ ಅಲೆ ಕಳಿಸುವ ಟ್ರಾನ್ಸ್‌ಮಿಟರ್. ಅಲೆಯನ್ನು ಹಿಡಿಯುವ ಯಂತ್ರ ಪಕ್ಕದ ಕೇಂದ್ರದಲ್ಲಿ. ಹಾಗಾಗಿ ಇವರು ಪರದೆಯ ಮೇಲೆ ಏನನ್ನೂ ನೋಡುವಂತಿರಲಿಲ್ಲ. ಕರೆಂಟು ಹೋಗದಂತೆ, ಕಟ್ಟಡ ತಣ್ಣಗಾಗದಂತೆ, ಊಟ ತಪ್ಪದಂತೆ ನೋಡಿಕೊಳ್ಳುವುದೇ ಅವರ ಕಾವಲು. ಮೂವರಲ್ಲಿ ಇಬ್ಬರಿಗೆ ಮಾತು ಬಿಟ್ಟರೆ ಮೂರನೆಯವನ ಗತಿ ಏನು? ಅಡುಗೆಯವನಿಗೆ ಜ್ವರ ಬಂದರೆ? 1963ರಲ್ಲಿ ಐ ಸೈಟ್‌ಗಳನ್ನು ಮುಚ್ಚಿದರು.

ಆ ಮೆಕ್ಯಾನಿಕ್‌ನ ದಿನ ಹೇಗಿತ್ತೆಂದು ನಾನು ಊಹಿಸಬಲ್ಲೆ, ಯಾಕೆಂದರೆ ಡೀಸೆಲ್ ಎಂಜಿನ್ನಿನ ಸ್ವಭಾವ ಅಷ್ಟೇನೂ ಬದಲಾಗಿಲ್ಲ. ಮೈನಸ್ 40ರಲ್ಲಿ ಎಂಜಿನ್ ಒಮ್ಮೆ ನಿಂತು ತಣ್ಣಗಾದರೆ ಆಯಿಲ್ ಜೋನಿಬೆಲ್ಲದ ಹಾಗೆ ಆಗಿಬಿಡುತ್ತದೆ, ಸ್ಟಾರ್ಟರ್ ತಿರುಗಿಸಲಾರದು. ನಮ್ಮೂರಿನ ಬಂಕಿನ ಡೀಸೆಲ್ಲನ್ನು ಇಲ್ಲಿಗೆ ತಂದರೆ ಅದರೊಳಗಿನ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆರ್ಕ್ಟಿಕ್‌ಗೆ ಬರುವ ಡೀಸೆಲ್ ಬೇರೆ, ತೆಳು, ಹೆಚ್ಚು ಕಡಿಮೆ ಸೀಮೆಎಣ್ಣೆಯ ಜಾತಿ. ಹೆಪ್ಪುಗಟ್ಟುವುದಿಲ್ಲ, ಆದರೆ ಜಿಡ್ಡು ಕಡಿಮೆ, ಇಂಜೆಕ್ಷನ್ ಪಂಪು ಬೇಗ ಸವೆಯುತ್ತದೆ. ರಬ್ಬರ್ ಹೋಸು ಬಗ್ಗಿಸಿದರೆ ಮುರಿಯುತ್ತದೆ. ಹಿಮಗಾಳಿ ಎದ್ದ ದಿನ ಹಿಟ್ಟಿನಂಥ ಹಿಮ ಏರ್ ಫಿಲ್ಟರಿಗೆ ನುಗ್ಗಿ ಎಂಜಿನ್ ಉಸಿರು ಕಟ್ಟುತ್ತದೆ. ಕೈಗವಸು ಹಾಕಿದರೆ ಸಣ್ಣ ಬೋಲ್ಟು ಸಿಗುವುದಿಲ್ಲ, ತೆಗೆದರೆ ಪಾನಾ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಲೋಡು ಕಡಿಮೆ ಇದ್ದರೂ ತೊಂದರೆ, ಅರೆಬರೆ ಉರಿದ ಡೀಸೆಲ್ ಸೈಲೆನ್ಸರಿನಲ್ಲಿ ಮಸಿಯಾಗಿ ಕೂರುತ್ತದೆ. ಅದಕ್ಕೇ ಇಂಥ ಜಾಗದಲ್ಲಿ ಒಂದೇ ಸೆಟ್ಟು ಇಡುವಂತಿಲ್ಲ. ಒಂದು ಓಡುತ್ತಿರಬೇಕು, ಇನ್ನೊಂದು ಬೆಚ್ಚಗಿದ್ದು ಕಾಯುತ್ತಿರಬೇಕು, ಮತ್ತೊಂದು ಬಿಚ್ಚಿ ರಿಪೇರಿಯಲ್ಲಿದ್ದರೂ ಪರವಾಗಿಲ್ಲ. ಈಗ ನನಗೆ ಬಿಡಿಭಾಗ ಬೇಕೆಂದರೆ ಯೆಲ್ಲೋನೈಫ್‌ನಿಂದ ವಿಮಾನದಲ್ಲಿ ಬರುತ್ತದೆ. ಅವನಿಗೆ ವಾರಗಟ್ಟಲೆ ಹಿಮಗಾಳಿ ನಿಲ್ಲದಿದ್ದರೆ ಶೆಲ್ಫಿನಲ್ಲಿ ಇದ್ದದ್ದೇ ಗತಿ. ಅವನ ಎಂಜಿನ್ ನಿಂತರೆ ಅಮೆರಿಕ, ಕೆನಡಾಗಳ ಬೇಲಿಯಲ್ಲಿ ಒಂದು ಗಳ ಕಿತ್ತು ಬಿದ್ದ ಲೆಕ್ಕ.

ದೊಡ್ಡ ಕೇಂದ್ರದಲ್ಲಿ ಪರದೆ ನೋಡುವ ತಂತ್ರಜ್ಞರಿಗೆ ‘ರೇಡಿಶಿಯನ್’ ಎಂಬ ಹೆಸರಿತ್ತು. ಇಲಿನಾಯ್‌ನ ಸ್ಟ್ರೀಟರ್ ಎಂಬ ಊರಿನಲ್ಲಿ ತರಬೇತಿ. ಅವರಲ್ಲಿ ಹೆಚ್ಚಿನವರು ಸೈನಿಕರಲ್ಲ, ಗುತ್ತಿಗೆ ಕಂಪನಿಯ ನೌಕರರು. ಗುಮ್ಮಟದೊಳಗಿನ ರಾಡಾರಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಆಂಟೆನಾ, ಒಂದು ಕೆಳಗಿನ ಆಕಾಶಕ್ಕೆ, ಇನ್ನೊಂದು ಮೇಲಿನದಕ್ಕೆ. ಸುಮಾರು 300 ಕಿಲೋಮೀಟರ್ ದೂರದ ವಿಮಾನ ಸಿಗುತ್ತಿತ್ತು. ವಿಮಾನ ಸಿಕ್ಕಿದೊಡನೆ ತಾನಾಗಿ ಗಂಟೆ ಬಾರಿಸುವ ಏರ್ಪಾಡು ಇದ್ದದ್ದರಿಂದ ಕಡಿಮೆ ಜನರಿಂದ ನಿಭಾಯಿಸಬಹುದಾಗಿತ್ತು. ಸಿಕ್ಕ ವಿಮಾನ ಮೊದಲೇ ತಿಳಿಸಿ ಹೊರಟದ್ದೋ ಅಲ್ಲವೋ ಎಂದು ಪಟ್ಟಿಗೆ ತಾಳೆ ನೋಡಿ, ಹೊಂದದಿದ್ದರೆ ದಕ್ಷಿಣಕ್ಕೆ ಸುದ್ದಿ ಕೊಡಬೇಕು.

ಸಾಲು ಕೆಲಸ ಶುರುಮಾಡಿ ಎರಡು ತಿಂಗಳು ಕಳೆದಿತ್ತು ಅಷ್ಟೇ, 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. ಉಪಗ್ರಹವನ್ನು ಕಕ್ಷೆಗೆ ಏರಿಸುವ ರಾಕೆಟ್ಟು ಬಾಂಬನ್ನೂ ಹೊತ್ತು ಬರಬಲ್ಲದು, ಅದನ್ನು ಹಿಡಿಯಲು ಈ ರಾಡಾರ್‌ಗಳಿಗೆ ಆಗದು. ಆ ಸುದ್ದಿಯನ್ನು ಇವರು ರೇಡಿಯೊದಲ್ಲಿ ಕೇಳಿರಲೇಬೇಕು. ಕ್ಷಿಪಣಿ ಹಿಡಿಯಲೆಂದೇ ಗ್ರೀನ್‌ಲ್ಯಾಂಡಿನ ಥೂಲೆಯಲ್ಲಿ ಬೇರೆ ದೈತ್ಯ ರಾಡಾರ್ ಎದ್ದಿತು. 1960ರ ಅಕ್ಟೋಬರ್ 5ರಂದು ಅದು ಕ್ಷಿಪಣಿಗಳು ಬರುತ್ತಿವೆ ಎಂದು ಕೂಗಿಕೊಂಡಿತು. ತನಿಖೆ ಮಾಡಿದರೆ ಅದಕ್ಕೆ ಕಂಡದ್ದು ನಾರ್ವೆಯ ಕಡೆಯಿಂದ ಮೇಲೇರುತ್ತಿದ್ದ ಚಂದ್ರ. ಬಾಂಬರ್ ವಿಮಾನಗಳೂ ಇನ್ನೂ ಇದ್ದುದರಿಂದ ಡ್ಯೂ ಲೈನ್ ಉಳಿಯಿತು. ದಾಳಿ ಯಾವತ್ತೂ ಬರಲಿಲ್ಲ. ಬರಲಿಲ್ಲ ಎನ್ನುವುದರಿಂದ ಆ ಕೆಲಸ ವ್ಯರ್ಥ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆಯ ಸ್ಟ್ಯಾಂಡ್‌ಬೈ ಸೆಟ್ಟು ವರ್ಷಪೂರ್ತಿ ಓಡದೆ ಇದ್ದರೂ ನಾನು ಅದರ ಆಯಿಲ್ ಬದಲಿಸುತ್ತೇನೆ.

ನನ್ನಂಥ ಕೆಲಸಗಾರನಿಗೆ ತೀರಾ ಇಷ್ಟವಾಗುವ ಕಥೆ ಗ್ರೀನ್‌ಲ್ಯಾಂಡಿನದು. ಸಾಲನ್ನು ಅಲ್ಲಿಗೆ ಮುಂದುವರಿಸಿದಾಗ ಡೈ-2, ಡೈ-3 ಎಂಬ ಎರಡು ಕೇಂದ್ರಗಳನ್ನು ಮಂಜುಗಡ್ಡೆಯ ಮೇಲೆಯೇ ಕಟ್ಟಬೇಕಾಯಿತು, ಕೆಳಗೆ ಮಣ್ಣು ಇಲ್ಲ, ಸಾವಿರಾರು ಅಡಿ ಹಿಮ. ಪ್ರತಿ ವರ್ಷ ಹೊಸ ಹಿಮ ಬಿದ್ದು ಮೇಲ್ಮೈ ಏರುತ್ತದೆ. ಹಾಗಾಗಿ ಇಡೀ ಕಟ್ಟಡವನ್ನು ಉಕ್ಕಿನ ಕಂಬಗಳ ಮೇಲೆ ನಿಲ್ಲಿಸಿ, ಆಗಾಗ ಜಾಕ್ ಹಾಕಿ ಮೇಲೆತ್ತುತ್ತಿದ್ದರು. ಹಿಮದೊಳಗಿನ ಒತ್ತಡಕ್ಕೆ ಕಂಬಗಳೇ ಸೊಟ್ಟಗಾಗತೊಡಗಿದಾಗ, 1977ರಲ್ಲಿ ಡೈ-3ನ್ನು ಇಡಿಯಾಗಿ 60 ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಸಿ ಹೊಸ ಅಡಿಪಾಯದ ಮೇಲೆ ಕೂರಿಸಿದರು. ಅದರ ಪಕ್ಕದಲ್ಲೇ ವಿಜ್ಞಾನಿಗಳು 1981ರಲ್ಲಿ ಬಂಡೆ ಮುಟ್ಟುವವರೆಗೆ, 2,037 ಮೀಟರ್ ಆಳ, ಮಂಜನ್ನು ಕೊರೆದು ತೆಗೆದರು. ಸೇನೆಗಾಗಿ ಕಟ್ಟಿದ ಕೇಂದ್ರ ಭೂಮಿಯ ಹಳೆಯ ಹವಾಮಾನ ತಿಳಿಯಲು ನೆರವಾಯಿತು.

1985ರಲ್ಲಿ ಎರಡೂ ದೇಶಗಳು ಹೊಸ ವ್ಯವಸ್ಥೆಗೆ ಸಹಿ ಹಾಕಿದವು, ಅದು ನಾರ್ತ್ ವಾರ್ನಿಂಗ್ ಸಿಸ್ಟಮ್. 1993ರಲ್ಲಿ ಡ್ಯೂ ಲೈನ್ ಮುಗಿಯಿತು. ಈಗಿನ ರಾಡಾರ್‌ಗಳ ಬಳಿ ಕೂರುವವರಿಲ್ಲ, ಒಂಟಾರಿಯೊದ ನಾರ್ತ್ ಬೇಯಲ್ಲಿ ಕುಳಿತು ನೋಡುತ್ತಾರೆ. ದುರಸ್ತಿಯವರು ಕೇಂಬ್ರಿಜ್ ಬೇಯಂಥ ಊರುಗಳಿಂದ ಹೋಗಿ ಬರುತ್ತಾರೆ. 2022ರಿಂದ ಆ ಗುತ್ತಿಗೆ ಇಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಒಡೆತನದ ನಾಸಿಟ್ಟುಕ್ ಕಂಪನಿಯದು, ಇದು ನನಗೆ ಸಂತೋಷದ ವಿಷಯ. ಯಾಕೆಂದರೆ ಆರಂಭ ಹೀಗಿರಲಿಲ್ಲ. 1955ರ ಒಪ್ಪಂದದ ಷರತ್ತುಗಳಲ್ಲೇ, ಕೆಲಸಕ್ಕೆ ತೆಗೆದುಕೊಂಡವರನ್ನು ಬಿಟ್ಟು ಉಳಿದ ಇನುಯಿಟ್ ಜನರ ಸಂಪರ್ಕ ತುರ್ತು ಇಲ್ಲದೆ ಮಾಡಬಾರದು ಎಂದು ಬರೆದಿದ್ದರು. ನೆಲ ಅವರದು, ಬಂದವರು ಇವರು.

ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಇನುಯಿಟ್. ಅವರ ತಂದೆ ಡ್ಯೂ ಲೈನಿನಲ್ಲಿ ಬುಲ್ಡೋಜರ್ ಓಡಿಸುತ್ತಿದ್ದರು. ರನ್‌ವೇ ಹಿಮ ಸರಿಸುವುದು, ಹಡಗು ಬಂದಾಗ ಡ್ರಮ್ಮು ಎಳೆಯುವುದು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಿಂದಲೇ ಅವರ ಮೊದಲ ಮರದ ಮನೆ ಎದ್ದದ್ದಂತೆ. ನಾನು ದಕ್ಷಿಣದ ಪತ್ರಿಕೆಗಳಲ್ಲಿ ಓದಿದ್ದನ್ನು ಹೇಳಿದರೆ ಅವರು ತಲೆಯಾಡಿಸಿ, “ಆ ಡ್ರಮ್ಮುಗಳನ್ನು ಕೇಳು, ಅವೇ ಹೇಳುತ್ತವೆ,” ಎನ್ನುತ್ತಾರೆ. ಡೀಸೆಲ್ ಖಾಲಿಯಾದ ಡ್ರಮ್ಮುಗಳನ್ನು ಯಾರೂ ವಾಪಸ್ ಒಯ್ಯಲಿಲ್ಲ. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ, ಗೋಡೆಯ ಬಣ್ಣದಲ್ಲಿ ಪಿಸಿಬಿ ಎಂಬ ವಿಷ. ಅದು ಮಣ್ಣಿಗೆ ಇಳಿದರೆ ಮೀನಿಗೆ, ಸೀಲಿಗೆ, ಅವುಗಳನ್ನು ತಿನ್ನುವ ಜನಕ್ಕೆ ದಾಟುತ್ತದೆ. ಕೆನಡಾದ ರಕ್ಷಣಾ ಇಲಾಖೆ ತನ್ನ ಪಾಲಿನ 21 ಜಾಗಗಳನ್ನು ಶುಚಿ ಮಾಡಿ ಮುಗಿಸುವಾಗ 2014 ಆಗಿತ್ತು, ಖರ್ಚು ಸುಮಾರು 57.5 ಕೋಟಿ ಕೆನಡಾ ಡಾಲರ್. ಹೆಚ್ಚು ಕೆಟ್ಟ ಮಣ್ಣನ್ನು ಹಡಗಿಗೆ ತುಂಬಿ ದಕ್ಷಿಣಕ್ಕೆ ಕಳಿಸಿದರು. ನನ್ನ ಹಿರಿಯರು ಆ ಶುಚಿ ಕೆಲಸದ ತಂಡದಲ್ಲಿದ್ದರು. ತಂದೆ ಇಳಿಸಿದ್ದನ್ನು ಮಗ ಏರಿಸಿದರು.

2025ರ ಮಾರ್ಚ್‌ನಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ನುನಾವುಟ್‌ನ ರಾಜಧಾನಿ ಇಕಾಲುಯಿತ್‌ಗೆ ಬಂದು, ಕ್ಷಿತಿಜದಾಚೆ ನೋಡುವ ಹೊಸ ರಾಡಾರನ್ನು ಆಸ್ಟ್ರೇಲಿಯಾದ ನೆರವಿನಿಂದ ಕಟ್ಟುವುದಾಗಿ ಹೇಳಿದರು, 600 ಕೋಟಿ ಡಾಲರ್ ಮೀರಿದ ಯೋಜನೆ. ಆ ಸುದ್ದಿಯ ಬಗ್ಗೆ ನಮ್ಮ ವರ್ಕ್‌ಶಾಪಿನಲ್ಲಿ ಹೆಚ್ಚು ಮಾತಾಗಲಿಲ್ಲ. ಹಿರಿಯರ ತಲೆಯಲ್ಲಿ ಬೇರೆ ವಿಷಯ ಇತ್ತು. ಕೆನಡಾದ ರಾಷ್ಟ್ರೀಯ ಪತ್ರಾಗಾರ 2002ರಿಂದ ಒಂದು ಕೆಲಸ ಮಾಡುತ್ತಿದೆ. ಹಳೆಯ ಫೋಟೊಗಳಲ್ಲಿ ಹೆಸರಿಲ್ಲದೆ ಉಳಿದ ಇನುಯಿಟ್ ಜನರನ್ನು ಅವರ ಮನೆಯವರಿಂದಲೇ ಗುರುತಿಸಿ ಹೆಸರು ಸೇರಿಸುವುದು. ಹಿರಿಯರು ಊಟದ ಬಿಡುವಿನಲ್ಲಿ ನನ್ನ ಫೋನಿನಲ್ಲಿ ಆ ಫೋಟೊಗಳನ್ನು ದೊಡ್ಡದು ಮಾಡಿ ನೋಡುತ್ತಾರೆ. ತಂದೆ ಇನ್ನೂ ಸಿಕ್ಕಿಲ್ಲ. ಆದರೆ ತಂದೆಯ ಜೊತೆ ದುಡಿದ ಇಬ್ಬರನ್ನು ಗುರುತು ಹಿಡಿದಿದ್ದಾರೆ, ಕಾಗುಣಿತ ಸರಿಯಿದೆಯೇ ಎಂದು ಅವರ ಮೊಮ್ಮಕ್ಕಳನ್ನು ಕೇಳಿಕೊಂಡು ಹೆಸರು ಬರೆದು ಕಳಿಸಿದ್ದಾರೆ.